ಅಂಚೆಯವರು ಎಣಿಸಿಕೊಟ್ಟ ನಿರುದ್ಯೋಗ

1930ರ ಜನವರಿಯ ಒಂದು ಬೆಳಿಗ್ಗೆ ಫ್ರಾನ್ಸಿಸ್ ಪರ್ಕಿನ್ಸ್ ಪತ್ರಿಕೆ ಬಿಡಿಸಿದಾಗ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಹೇಳಿಕೆ ಕಣ್ಣಿಗೆ ಬಿತ್ತು. ದೇಶದಲ್ಲಿ ಉದ್ಯೋಗ ಮತ್ತೆ ಏರುತ್ತಿದೆ ಎಂದು ಸರ್ಕಾರ ಹೇಳಿಕೊಂಡಿತ್ತು. ಷೇರುಪೇಟೆ ಕುಸಿದು ಮೂರು ತಿಂಗಳಾಗಿತ್ತು ಅಷ್ಟೇ. ಪರ್ಕಿನ್ಸ್ ಆಗ ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯುಕ್ತೆ. ಕಾರ್ಖಾನೆಗಳ ಹಾಜರಿ, ಸಂಬಳದ ಲೆಕ್ಕ ತಿಂಗಳು ತಿಂಗಳೂ ಅವರ ಕಚೇರಿಗೆ ಬರುತ್ತಿತ್ತು, ಮತ್ತು ಆ ಲೆಕ್ಕದಲ್ಲಿ ಉದ್ಯೋಗ ಇಳಿಯುತ್ತಲೇ ಇತ್ತು. ಅವರು ಪತ್ರಕರ್ತರನ್ನು ಕರೆದು, ಅಧ್ಯಕ್ಷರ ಮಾತು ತಪ್ಪು ಎಂದು ಅಂಕಿಅಂಶ ಇಟ್ಟು ಹೇಳಿದರು. ಒಂದು ರಾಜ್ಯದ ಅಧಿಕಾರಿ ದೇಶದ ಅಧ್ಯಕ್ಷರನ್ನು ಹೀಗೆ ಎದುರಿಸಿದ್ದು ದೊಡ್ಡ ಸುದ್ದಿಯಾಯಿತು.

ಆದರೆ ಪರ್ಕಿನ್ಸ್ ಬಳಿ ಇದ್ದದ್ದು ಒಂದು ರಾಜ್ಯದ ಕಾರ್ಖಾನೆಗಳ ಲೆಕ್ಕ ಮಾತ್ರ. ಇಡೀ ಅಮೆರಿಕದಲ್ಲಿ ಎಷ್ಟು ಜನಕ್ಕೆ ಕೆಲಸವಿಲ್ಲ ಎಂದು ಕೇಳಿದ್ದರೆ ಅವರೂ ಹೇಳುವಂತಿರಲಿಲ್ಲ, ಹೂವರ್ ಅವರೂ ಹೇಳುವಂತಿರಲಿಲ್ಲ. ಕೋಟಿಗಟ್ಟಲೆ ಡಾಲರನ್ನು ಪರಿಹಾರಕ್ಕೆ ಸುರಿಯಲಿದ್ದ ಒಂದು ಒಕ್ಕೂಟ ಸರ್ಕಾರಕ್ಕೆ ಪರಿಹಾರ ಯಾರಿಗೆ, ಎಷ್ಟು ಮಂದಿಗೆ ಎಂಬುದೇ ಗೊತ್ತಿರಲಿಲ್ಲ. ಅದನ್ನು ಎಣಿಸುವ ದಾರಿ ಕಂಡುಕೊಳ್ಳಲು ಆ ದೇಶಕ್ಕೆ ಹತ್ತು ವರ್ಷ ಹಿಡಿಯಿತು. ಮಹಾ ಕುಸಿತದ ಕಾಲದಲ್ಲಿ ಕಟ್ಟಿದ ಅಣೆಕಟ್ಟು, ಸೇತುವೆಗಳ ಬಗ್ಗೆ ನಾವು ಬಹಳ ಕೇಳಿದ್ದೇವೆ. ಈ ಎಣಿಕೆಯ ಕತೆ ಅವುಗಳಿಗಿಂತ ಸಣ್ಣದಲ್ಲ ಎಂಬುದು ನನ್ನ ನಂಬಿಕೆ.

ತೊಡಕು ಜನಗಣತಿಯ ಪ್ರಶ್ನೆಯಲ್ಲೇ ಇತ್ತು. ಹತ್ತು ವರ್ಷ ಮೇಲ್ಪಟ್ಟ ಎಲ್ಲರನ್ನೂ ಗಣತಿದಾರರು ಕೇಳುತ್ತಿದ್ದದ್ದು ನಿಮ್ಮ ಕಸುಬು ಏನು ಎಂದು. ಎರಡು ವರ್ಷದಿಂದ ಉಳಿ ಮುಟ್ಟದ ಬಡಗಿಯೂ ಬಡಗಿ ಎಂದೇ ಉತ್ತರಿಸುತ್ತಿದ್ದ, ಅವನು ದುಡಿಯುವವರ ಪಟ್ಟಿಗೆ ಸೇರಿಹೋಗುತ್ತಿದ್ದ. ಇನ್ನೂ ಮೊದಲ ಕೆಲಸ ಸಿಗದ ಹದಿನೆಂಟರ ಹುಡುಗಿಗೆ ಕಸುಬೇ ಇಲ್ಲ, ಹಾಗಾಗಿ ಅವಳು ಎಲ್ಲೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸೆನೆಟರ್ ರಾಬರ್ಟ್ ವ್ಯಾಗ್ನರ್ ಮುಂತಾದವರ ಒತ್ತಾಯದಿಂದ 1930ರ ಏಪ್ರಿಲ್ ಗಣತಿಯಲ್ಲಿ ನಿರುದ್ಯೋಗಕ್ಕೆ ಬೇರೆ ನಮೂನೆ ಸೇರಿತು. ಕೆಲಸ ಕಳೆದುಕೊಂಡು ಹುಡುಕುತ್ತಿರುವವರು ಸುಮಾರು 24 ಲಕ್ಷ ಎಂದು ಲೆಕ್ಕ ಬಂತು. ಕೆಲಸ ಹೆಸರಿಗೆ ಇದ್ದರೂ ಸಂಬಳವಿಲ್ಲದೆ ಮನೆಯಲ್ಲಿ ಕೂತವರು ಇನ್ನೂ ಏಳೂವರೆ ಲಕ್ಷ. ಇವರನ್ನು ಬೇರೆ ಗುಂಪಿಗೆ ಹಾಕಿ, ಮೊದಲ ಗುಂಪನ್ನೇ ಮುಂದಿಟ್ಟು ಸರ್ಕಾರ ಪ್ರಕಟಣೆ ಕೊಟ್ಟಿತು. ಈ ಗಣತಿಯ ಹೊಣೆ ಹೊತ್ತಿದ್ದ ಚಾರ್ಲ್ಸ್ ಪರ್ಸನ್ಸ್ ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. 1931ರ ಜನವರಿಯಲ್ಲಿ ಕೆಲವು ನಗರಗಳಲ್ಲಿ ಮತ್ತೆ ಎಣಿಸಿ ಅಂದಾಜು ಮಾಡಿದಾಗ ಒಟ್ಟು 60 ಲಕ್ಷ ದಾಟಿತ್ತು. ಕಾರ್ಮಿಕ ಅಂಕಿಅಂಶ ಕಚೇರಿಯ ಆಯುಕ್ತ ಎಥೆಲ್‌ಬರ್ಟ್ ಸ್ಟೀವರ್ಟ್ ತಮ್ಮ ಮಂತ್ರಿಯ ಮಾತಿಗೆ ವಿರುದ್ಧವಾದ ಅಂಕಿಯನ್ನು ಬಹಿರಂಗವಾಗಿ ಹೇಳಿದ್ದರು. 1932ರಲ್ಲಿ ಅವರನ್ನು ನಿವೃತ್ತಿಗೊಳಿಸಿ ಮನೆಗೆ ಕಳಿಸಲಾಯಿತು. ಲೆಕ್ಕ ಇಡುವವರು ಕುರ್ಚಿ ಕಳೆದುಕೊಳ್ಳುವಷ್ಟು ಆ ಲೆಕ್ಕ ರಾಜಕೀಯವಾಗಿಬಿಟ್ಟಿತ್ತು.

1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದರು. ಪರ್ಕಿನ್ಸ್ ಕಾರ್ಮಿಕ ಮಂತ್ರಿಯಾದರು, ಅಮೆರಿಕದ ಮಂತ್ರಿಮಂಡಲದಲ್ಲಿ ಕೂತ ಮೊದಲ ಹೆಣ್ಣುಮಗಳು. ಆ ಮೇ ತಿಂಗಳ ಪರಿಹಾರ ಕಾಯಿದೆ ರಾಜ್ಯಗಳಿಗೆ ಹಂಚಲು 50 ಕೋಟಿ ಡಾಲರ್ ಕೊಟ್ಟಿತು. ಅದರ ಅರ್ಧ ಭಾಗಕ್ಕೆ ಒಂದು ಷರತ್ತಿತ್ತು: ರಾಜ್ಯ ಮತ್ತು ಊರುಗಳು ಮೂರು ಡಾಲರ್ ಖರ್ಚು ಮಾಡಿದರೆ ಕೇಂದ್ರದ್ದು ಒಂದು ಡಾಲರ್. ಇದನ್ನು ಹಂಚುವ ಹೊಣೆ ಹ್ಯಾರಿ ಹಾಪ್ಕಿನ್ಸ್ ಅವರದ್ದು. ಅಧಿಕಾರ ವಹಿಸಿಕೊಂಡ ಮೊದಲ ಎರಡು ಗಂಟೆಯಲ್ಲೇ ಅವರು 50 ಲಕ್ಷ ಡಾಲರಿಗೂ ಹೆಚ್ಚು ಹಣ ಬಿಡುಗಡೆ ಮಾಡಿದರು. ಹಸಿವು ಎಣಿಕೆ ಮುಗಿಯುವವರೆಗೆ ಕಾಯುವುದಿಲ್ಲ, ಅವರು ಮಾಡಿದ್ದೇ ಸರಿ. ಆದರೆ 1935ರ ಪರಿಹಾರ ಅನುದಾನ ಕಾಯಿದೆಯ ಹೊತ್ತಿಗೆ ಮೊತ್ತ 488 ಕೋಟಿ ಡಾಲರ್ ಮುಟ್ಟಿತು. ಬರೀ ದಾನದ ಬದಲು ಕೂಲಿ ಕೊಡಲು ಡಬ್ಲ್ಯುಪಿಎ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಸರ್ಕಾರವೇ ಕೆಲಸ ಸೃಷ್ಟಿಸುವುದಾದರೆ ಎಷ್ಟು ಕೆಲಸ ಸೃಷ್ಟಿಸಬೇಕು? ಕಾರ್ಮಿಕ ಸಂಘಗಳು ಒಂದು ಅಂದಾಜು ಕೊಡುತ್ತಿದ್ದವು, ಉದ್ಯಮಿಗಳ ಸಂಸ್ಥೆಗಳು ಇನ್ನೊಂದು. ನಡುವೆ ಲಕ್ಷಗಟ್ಟಲೆ ಜನರ ಅಂತರ. ಸಂಸತ್ತಿನಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಅಂಕಿಯನ್ನು ಎತ್ತಿ ಹಿಡಿಯುತ್ತಿದ್ದರು.

ಕೊನೆಗೆ 1937ರ ಆಗಸ್ಟ್‌ನಲ್ಲಿ ಸಂಸತ್ತು ನಿರುದ್ಯೋಗಿಗಳನ್ನು ಎಣಿಸಲೇಬೇಕೆಂದು ಕಾಯಿದೆ ಮಾಡಿತು. ಗಾಜಿನ ಕಂಪನಿಯೊಂದರ ಅಧ್ಯಕ್ಷರಾಗಿದ್ದ ಜಾನ್ ಬಿಗ್ಗರ್ಸ್ ಅವರನ್ನು ಕರೆದು ಕೆಲಸ ಒಪ್ಪಿಸಲಾಯಿತು. ಮನೆಮನೆಗೆ ಗಣತಿದಾರರನ್ನು ಕಳಿಸಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಹಾಗಾಗಿ ದೇಶದ ಎಲ್ಲ ಮನೆಗೂ ಅಂಚೆಯವರ ಕೈಯಲ್ಲಿ ಒಂದೊಂದು ಕಾರ್ಡು ಕಳಿಸುವುದು, ಕೆಲಸವಿಲ್ಲದವರು ಅದನ್ನು ತುಂಬಿ ಅಂಚೆಚೀಟಿ ಹಚ್ಚದೆಯೇ ಡಬ್ಬಕ್ಕೆ ಹಾಕುವುದು ಎಂದು ನಿಶ್ಚಯವಾಯಿತು. ನವೆಂಬರ್ 14ರ ರಾತ್ರಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಕುಳಿತು ಜನರನ್ನು ಕೇಳಿಕೊಂಡರು: ನಿಮಗೆ ಕೆಲಸವಿಲ್ಲದಿದ್ದರೆ, ದುಡಿಯಲು ಶಕ್ತಿಯಿದ್ದು ಕೆಲಸ ಹುಡುಕುತ್ತಿದ್ದರೆ, ಶನಿವಾರ ಮಧ್ಯರಾತ್ರಿಯೊಳಗೆ ಕಾರ್ಡು ಹಾಕಿ.

ಕಾರ್ಡು ಹಾಕದವರ ಗತಿ ಏನು? ಹಿಂದಿನ ವರ್ಷವಷ್ಟೇ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನಕ್ಕೆ ಮತಚೀಟಿ ಕಳಿಸಿ, ವಾಪಸು ಬಂದ 20 ಲಕ್ಷಕ್ಕೂ ಮಿಗಿಲಾದ ಉತ್ತರ ಎಣಿಸಿ, ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತ್ತು. ಅವರು ಭಾರೀ ಬಹುಮತದಿಂದ ಗೆದ್ದರು. ತಾವಾಗಿ ಉತ್ತರ ಕಳಿಸುವವರು ಊರಿನ ಪ್ರತಿನಿಧಿಗಳಲ್ಲ ಎಂಬುದು ಆಗಲೇ ಎಲ್ಲರ ಕಣ್ಣಿಗೆ ಬಡಿದಿತ್ತು. ಕೆಲಸ ಹೋದದ್ದನ್ನು ಹೇಳಿಕೊಳ್ಳಲು ನಾಚಿದವರು, ಓದು ಬರಹ ಬಾರದವರು, ಹೇಳಿ ಏನು ಪ್ರಯೋಜನ ಎಂದು ಕೈಚೆಲ್ಲಿದವರು ಕಾರ್ಡು ಹಾಕುವುದಿಲ್ಲ. ಕೆಲಸ ಸಿಗಬಹುದೆಂಬ ಆಸೆಯಿಂದ ಅರ್ಹರಲ್ಲದವರೂ ಹಾಕಬಹುದು.

ಇಲ್ಲಿ ವಾಷಿಂಗ್ಟನ್ನಿನ ಕೆಲವು ಯುವ ಸಂಖ್ಯಾಶಾಸ್ತ್ರಜ್ಞರು ಕತೆಯೊಳಗೆ ಬರುತ್ತಾರೆ. ಪೋಲೆಂಡಿನ ಗಣಿತಜ್ಞ ಯೆರ್ಜಿ ನೇಮನ್, ದೊಡ್ಡ ಸಮೂಹದಿಂದ ಚೀಟಿ ಎತ್ತಿದ ಹಾಗೆ ಸ್ವಲ್ಪ ಜನರನ್ನು ಆರಿಸಿ, ಆ ಆಯ್ಕೆಯ ತಪ್ಪು ಎಷ್ಟರೊಳಗೆ ಇರುತ್ತದೆಂದು ಮೊದಲೇ ಲೆಕ್ಕ ಹಾಕಬಹುದು ಎಂದು 1934ರಲ್ಲಿ ತೋರಿಸಿದ್ದರು. 1937ರ ಏಪ್ರಿಲ್‌ನಲ್ಲಿ ಎಡ್ವರ್ಡ್ಸ್ ಡೆಮಿಂಗ್ ಅವರ ಏರ್ಪಾಟಿನಲ್ಲಿ ನೇಮನ್ ವಾಷಿಂಗ್ಟನ್ನಿಗೇ ಬಂದು ಉಪನ್ಯಾಸ ಕೊಟ್ಟರು. ಗಣತಿ ಕಚೇರಿಯ ಕ್ಯಾಲ್ವರ್ಟ್ ಡೆಡ್ರಿಕ್, ಆಗಿನ್ನೂ ಇಪ್ಪತ್ತಾರರ ಹರೆಯದ ಮಾರಿಸ್ ಹ್ಯಾನ್ಸನ್, ಜೊತೆಗೆ ಸಲಹೆಗಾರರಾಗಿ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಫ್ರೆಡ್ರಿಕ್ ಸ್ಟೀಫನ್ ಸೇರಿ ಬಿಗ್ಗರ್ಸ್ ಅವರ ಮುಂದೆ ಒಂದು ಯೋಜನೆ ಇಟ್ಟರು. ಕಾರ್ಡಿನ ಎಣಿಕೆ ನಡೆಯಲಿ. ಅದರ ಬೆನ್ನಿಗೇ ದೇಶದ ಅಂಚೆ ಮಾರ್ಗಗಳಲ್ಲಿ ನೂರಕ್ಕೆ ಎರಡನ್ನು ಮಾತ್ರ ಆರಿಸಿ, ಆ ಮಾರ್ಗಗಳ ಪ್ರತಿ ಮನೆಯ ಬಾಗಿಲನ್ನೂ ತಟ್ಟಿಸೋಣ ಎಂಬುದು ಅವರ ಸೂಚನೆ.

ಅಂಚೆ ಮಾರ್ಗವನ್ನೇ ಆರಿಸಿಕೊಂಡದ್ದರಲ್ಲಿ ಅವರ ಜಾಣತನವಿದೆ. ಬಟವಾಡೆ ಇರುವ ಪ್ರದೇಶದಲ್ಲಿ ಪ್ರತಿಯೊಂದು ಮನೆಯೂ ಯಾವುದಾದರೊಂದು ಮಾರ್ಗಕ್ಕೆ ಸೇರಿರಲೇಬೇಕು, ಹಾಗಾಗಿ ಮಾರ್ಗಗಳ ಪಟ್ಟಿಯೇ ಮನೆಗಳ ಪಟ್ಟಿಯೂ ಆಯಿತು. ಅಂಚೆಯವನಿಗೆ ಆ ಬೀದಿಯ ಒಳಮನೆ, ಹಿತ್ತಿಲ ಮನೆ, ಬಾಡಿಗೆ ಕೋಣೆ ಎಲ್ಲ ಗೊತ್ತು. ಜನಕ್ಕೂ ಅವನ ಗುರುತಿದೆ. ಪತ್ರ ಕೊಡುವ ಕೈಯೇ ಈ ಸಲ ಪುಸ್ತಕ ಬಿಚ್ಚಿ, ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ದುಡಿಯುತ್ತಾರೆ, ಯಾರು ಕೆಲಸ ಹುಡುಕುತ್ತಿದ್ದಾರೆ, ಅವರು ಕಾರ್ಡು ಹಾಕಿದರೋ ಇಲ್ಲವೋ ಎಂದು ಬರೆದುಕೊಂಡಿತು. ಹೀಗೆ ಸುಮಾರು 20 ಲಕ್ಷ ಜನರ ವಿವರ ಸಿಕ್ಕಿತು.

ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಆದರೆ ಒಂದೇ ಉರಿಯಲ್ಲಿ ಬೆಂದ ಅಗುಳುಗಳಂತೆ ಜನ ಇರುವುದಿಲ್ಲ. ಗಣಿ ಮುಚ್ಚಿದ ಬೀದಿಯಲ್ಲಿ ಎಲ್ಲರೂ ನಿರುದ್ಯೋಗಿಗಳು, ಪಕ್ಕದ ಬೀದಿಯಲ್ಲಿ ಒಬ್ಬರೂ ಇಲ್ಲ. ಒಂದೇ ಮಾರ್ಗದ ನೂರು ಮನೆ ಕೇಳಿದರೆ ನೂರು ಬೇರೆ ಬೇರೆ ಉತ್ತರ ಸಿಕ್ಕಂತಾಗುವುದಿಲ್ಲ. ಅದಕ್ಕೇ ಒಂದೆರಡು ಊರುಗಳ ಬದಲು ದೇಶದ ಉದ್ದಗಲಕ್ಕೂ ಹರಡಿದ ಮಾರ್ಗಗಳನ್ನು, ಯಾರ ಇಷ್ಟಾನಿಷ್ಟಕ್ಕೂ ಸಿಗದಂತೆ ಆರಿಸಿದರು. ಅಧಿಕಾರಿಗೆ ಅನುಕೂಲವಾದ ಬೀದಿಯನ್ನಾಗಲೀ ಸೆನೆಟರಿಗೆ ಬೇಕಾದ ಊರನ್ನಾಗಲೀ ಒಳಗೆ ತೂರಿಸಲು ಆಸ್ಪದವಿರಲಿಲ್ಲ.

ಕಾರ್ಡು ಹಾಕಿದವರು ಸುಮಾರು 78 ಲಕ್ಷ. ಅಂಚೆಯವರ ಎಣಿಕೆಯಿಂದ ಬಂದ ಅಂದಾಜು 1 ಕೋಟಿ 8 ಲಕ್ಷವನ್ನೂ ಮೀರಿತ್ತು. ಎಲ್ಲರನ್ನೂ ಕೇಳಿಕೊಂಡ ಗಣತಿ ನೂರರಲ್ಲಿ ಮೂವತ್ತರ ಹತ್ತಿರ ಜನರನ್ನು ಕೈಬಿಟ್ಟಿತ್ತು. ನೂರಕ್ಕೆ ಎರಡು ಮಾರ್ಗದಲ್ಲಿ ಬಾಗಿಲು ತಟ್ಟಿದ ಎಣಿಕೆ ಆ ಕಾಣದ ಜನರನ್ನು ಹಿಡಿದು ತೋರಿಸಿತು. ಬಿಗ್ಗರ್ಸ್ ಎರಡೂ ಅಂಕಿಯನ್ನು ಮುಚ್ಚುಮರೆಯಿಲ್ಲದೆ ಅಧ್ಯಕ್ಷರಿಗೆ ಒಪ್ಪಿಸಿದರು. ಸತ್ಯ ಈ ಎರಡರ ನಡುವೆ ಇದೆ ಎಂದರು. ಆ ವರ್ಷ ಸರ್ಕಾರ ಖರ್ಚು ಕಡಿತ ಮಾಡಿತ್ತು, ಆರ್ಥಿಕತೆ ಮತ್ತೆ ಮುಗ್ಗರಿಸಿತ್ತು. 1938ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ಮತ್ತೆ ಖರ್ಚಿನ ದಾರಿ ಹಿಡಿದರು, ಆ ನವೆಂಬರ್ ಹೊತ್ತಿಗೆ ಡಬ್ಲ್ಯುಪಿಎ ಹಾಜರಿಪಟ್ಟಿಯಲ್ಲಿ 33 ಲಕ್ಷ ಜನರಿದ್ದರು.

ಎಷ್ಟು ಜನರನ್ನು ಕೇಳಬೇಕು ಎಂಬುದು ಹೀಗೆ ಬಗೆಹರಿಯಿತು. ಏನು ಕೇಳಬೇಕು ಎಂಬುದು ಉಳಿದಿತ್ತು, ಅದನ್ನು ಬಗೆಹರಿಸಿದ್ದು ಡಬ್ಲ್ಯುಪಿಎ ಸಂಶೋಧನಾ ವಿಭಾಗ. ಕಸುಬು ಏನು ಎಂಬ ಹಳೆಯ ಪ್ರಶ್ನೆಯನ್ನು ಅಲ್ಲಿನವರು ಬದಿಗಿಟ್ಟರು. ಒಂದು ಗೊತ್ತಾದ ವಾರವನ್ನು ಹೆಸರಿಸಿ, ಆ ವಾರ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಕೆಲಸ ಮಾಡಿದ್ದರೆ ಉದ್ಯೋಗಿ, ಮಾಡದೆ ಹುಡುಕುತ್ತಿದ್ದರೆ ನಿರುದ್ಯೋಗಿ, ಎರಡೂ ಅಲ್ಲದಿದ್ದರೆ ದುಡಿಮೆಯ ಪಡೆಯ ಹೊರಗಿನವರು. ಕೆಲಸ ಬೇಕೇ ಎಂಬ ಮನಸ್ಸಿನ ಮಾತಿಗಿಂತ ಏನು ಮಾಡಿದಿರಿ ಎಂಬ ನಡೆದ ಸಂಗತಿ ಮುಖ್ಯವಾಯಿತು. ಬಡಗಿ ಈಗ ಇದ್ದಂತೆ ಕಂಡ, ಹದಿನೆಂಟರ ಹುಡುಗಿಯೂ ಲೆಕ್ಕಕ್ಕೆ ಬಂದಳು. 1940ರ ಮಾರ್ಚ್‌ನಿಂದ ತಿಂಗಳಿಗೊಮ್ಮೆ ಈ ಮಾದರಿ ಸಮೀಕ್ಷೆ ಶುರುವಾಯಿತು. 1942ರಲ್ಲಿ ಅದು ಗಣತಿ ಕಚೇರಿಗೆ ಹೋಯಿತು, ಮರುವರ್ಷ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಅದರ ಆಯ್ಕೆಯ ಕ್ರಮವನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಪ್ರತಿ ತಿಂಗಳೂ ಜಗತ್ತು ಕಾದು ನೋಡುವ ಅಮೆರಿಕದ ನಿರುದ್ಯೋಗ ದರ ಇಂದಿಗೂ ಬರುವುದು ಆ ಸಮೀಕ್ಷೆಯಿಂದಲೇ. ಅದನ್ನು ಹುಟ್ಟಿಸಿದ ಡಬ್ಲ್ಯುಪಿಎ 1943ರಲ್ಲಿ ಮುಚ್ಚಿತು.

ನಮ್ಮಲ್ಲಿ ಇದೇ ದಾರಿಯನ್ನು ತೆರೆದವರು ಪ್ರಶಾಂತಚಂದ್ರ ಮಹಲನೋಬಿಸ್. ಅಮೆರಿಕದಲ್ಲಿ ಕಾರ್ಡು ಹಂಚಿದ 1937ರಲ್ಲೇ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಳೆಯಲು ಹೊರಟಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. 2017ರಿಂದ ನಡೆಯುತ್ತಿರುವ ದುಡಿಮೆಗಾರರ ಸಮೀಕ್ಷೆಯಲ್ಲಿ ನಮ್ಮ ಮನೆ ಬಾಗಿಲಿಗೆ ಬರುವವರೂ ಹಿಂದಿನ ಏಳು ದಿನಗಳ ಬಗ್ಗೆ ಕೇಳುತ್ತಾರೆ. ಅದರಲ್ಲಿ ಯಾವುದಾದರೂ ಒಂದು ದಿನ ಒಂದು ತಾಸು ದುಡಿದಿದ್ದರೂ ಆ ವಾರದ ಲೆಕ್ಕಕ್ಕೆ ಉದ್ಯೋಗಿ.

ಡಬ್ಲ್ಯುಪಿಎ ಕೂಲಿಗೆ ಹೋದವರು ಮಾತ್ರ ಯಾವ ಸಾಲಿನವರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆರೂವರೆ ಲಕ್ಷ ಮೈಲಿ ರಸ್ತೆ ಮಾಡಿದ ಜನ ಅವರು. ಆಗಿನ ಲೆಕ್ಕದಲ್ಲಿ ಅವರು ನಿರುದ್ಯೋಗಿಗಳು, ಯಾಕೆಂದರೆ ಅಂದು ತಿಳಿಯಬೇಕಿದ್ದದ್ದು ಮಾಮೂಲಿ ಮಾರುಕಟ್ಟೆ ಎಷ್ಟು ಜನಕ್ಕೆ ಕೆಲಸ ಕೊಡಲಾರದೆ ಹೋಯಿತು ಎಂದು. 1976ರಲ್ಲಿ ಮೈಕೆಲ್ ಡಾರ್ಬಿ ಎಂಬ ಅರ್ಥಶಾಸ್ತ್ರಜ್ಞರು ಇವರನ್ನು ಉದ್ಯೋಗಿಗಳೆಂದು ಎಣಿಸಿದಾಗ 1936ರ ನಿರುದ್ಯೋಗ ಶೇಕಡಾ 16.9ರಿಂದ ಸುಮಾರು 10ಕ್ಕೆ ಇಳಿಯಿತು. ರೂಸ್‌ವೆಲ್ಟ್ ಅವರ ಖರ್ಚು ಫಲ ಕೊಟ್ಟಿತೇ ಎಂಬ ವಾದದಲ್ಲಿ ಎರಡೂ ಪಕ್ಷದವರು ಇಂದಿಗೂ ತಮಗೆ ಬೇಕಾದ ಸಾಲನ್ನು ಹಿಡಿದು ಕೂರುತ್ತಾರೆ. ಭಾರತದ್ದು ಇನ್ನೊಂದು ದಾರಿ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿ ಕೆರೆಯ ಹೂಳು ಎತ್ತಿದ ಹೆಣ್ಣುಮಗಳು ನಮ್ಮ ಸಮೀಕ್ಷೆಯಲ್ಲಿ ಉದ್ಯೋಗಿ. ಅವಳ ಬೆವರಿಗೆ ಆ ಗೌರವ ಸಲ್ಲಲೇಬೇಕು. ಆದರೆ ಬೇರೆ ಕೆಲಸ ಸಿಗದೆ ಅವಳು ಅಲ್ಲಿಗೆ ಹೋದಳು ಎಂಬುದು ಒಟ್ಟು ದರದಲ್ಲಿ ಕರಗಿಹೋಗುತ್ತದೆ. 1940ರ ಅಮೆರಿಕದ ಗಣತಿ ಇಂಥವರಿಗೆ ಪ್ರತ್ಯೇಕ ಸಾಲನ್ನೇ ಕೊಟ್ಟಿತ್ತು. ನಮ್ಮ ಸಮೀಕ್ಷೆಯ ಹಾಳೆಯಲ್ಲೂ ಖಾತ್ರಿ ಕೆಲಸಕ್ಕೆ ಪ್ರತ್ಯೇಕ ಸಂಕೇತ ಸಂಖ್ಯೆಯಿದೆ. ದರ ಪ್ರಕಟಿಸುವಾಗ ಆ ಸಾಲನ್ನೂ ಪಕ್ಕದಲ್ಲೇ ಅಚ್ಚು ಹಾಕುವುದಕ್ಕೆ ಹೊಸ ಸಮೀಕ್ಷೆ ಬೇಕಾಗಿಲ್ಲ, ಹೊಸ ಕಾಯಿದೆಯೂ ಬೇಕಾಗಿಲ್ಲ.