ಬೆಲ್ ಒತ್ತುವ ಮೊದಲು ಒಂದು ಮೆಸೇಜ್: ಸೈನಿಕರ ಕುಟುಂಬಗಳ ನಡುವೆ ಹಿರಿಯ ಮಿಷನರಿ ದಂಪತಿ

ಕೇಳೋಕೆ ಸಮಯ ಸಿಗದವರು ಓದಿಕೊಳ್ಳಲಿ ಅಂತ ಮಾತಿನ ಬರಹರೂಪವನ್ನು ಇಲ್ಲಿ ಕೊಡ್ತಿದ್ದೇವೆ.

ಮಿಷನರಿ ಅಂದ ತಕ್ಷಣ ನಿಮಗೆ ಯಾರು ನೆನಪಾಗ್ತಾರೆ? ಕನ್ನಡದವರಿಗೆ ಬಹುಶಃ ಕಿಟ್ಟೆಲ್. ಬಾಸೆಲ್ ಮಿಷನ್‌ನಿಂದ ಬಂದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಜರ್ಮನ್ ಪಾದ್ರಿ. ಇಲ್ಲಾಂದ್ರೆ ಮಿಷನ್ ಆಸ್ಪತ್ರೆ, ಮಿಷನ್ ಸ್ಕೂಲು. ಇನ್ನು ಕೆಲವರಿಗೆ ಮತಾಂತರದ ಜಗಳ. ನನ್ನ ತಲೆಯಲ್ಲಿ ಇದ್ದದ್ದೂ ಇಷ್ಟೇ. ಆಮೇಲೆ ಕೆಲಸದ ಮೇಲೆ ಎರಡು ವರ್ಷ ಜರ್ಮನಿಯ ಕೈಸರ್ಸ್‌ಲೌಟರ್ನ್ ಅನ್ನೋ ಊರಿನಲ್ಲಿದ್ದೆ. ಅಲ್ಲಿ ನಮ್ಮ ಕೆಳಗಿನ ಮನೆಗೆ ಅಮೆರಿಕದ ಐಡಹೊ ರಾಜ್ಯದಿಂದ ವಯಸ್ಸಾದ ದಂಪತಿ ಬಾಡಿಗೆಗೆ ಬಂದರು. ಇಬ್ಬರ ಎದೆಯ ಮೇಲೂ ಕಪ್ಪು ಬಣ್ಣದ ಹೆಸರಿನ ಪಟ್ಟಿ. ಅವರು ಮಿಷನರಿಗಳು, ಕೆಲಸ ಮಾಡೋದು ಅಮೆರಿಕನ್ ಸೈನಿಕರ ಮನೆಗಳ ನಡುವೆ ಅಂತ ಗೊತ್ತಾದಾಗ ನನಗೆ ಮೊದಲು ಬಂದದ್ದು ಅನುಮಾನ. ಗಂಡ ದೂರ ಹೋಗಿರುವ ಮನೆಗೆ ಧರ್ಮ ಹೇಳೋಕೆ ಹೋಗ್ತಾರಾ ಅಂತ.

ಈ ಪ್ರಶ್ನೆ ನನಗೆ ಬರೋಕೆ ಕಾರಣ ಇದೆ. ನಮ್ಮ ತಂದೆ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1999ರ ಕಾರ್ಗಿಲ್ ಸಮಯದಲ್ಲಿ ಅವರು ಕಾಶ್ಮೀರದಲ್ಲಿ, ನಾನು, ಅಮ್ಮ, ತಂಗಿ ಅರಸೀಕೆರೆ ಹತ್ತಿರದ ಊರಿನಲ್ಲಿ. ಕಾದು ಕೂರುವ ಮನೆ ಹೇಗಿರುತ್ತೆ ಅಂತ ನನಗೆ ಗೊತ್ತು. ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಯಾರು ಈ ಹಿರಿಯ ದಂಪತಿ?

ಇವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್ ಎಂಬ ಪಂಥಕ್ಕೆ ಸೇರಿದವರು. ಜನ ಮಾರ್ಮನ್ನರು ಅಂತ ಕರೀತಾ ಬಂದಿದ್ದಾರೆ. 1830ರಲ್ಲಿ ಅಮೆರಿಕದಲ್ಲಿ ಶುರುವಾದ ಪಂಥ, ಕೇಂದ್ರ ಕಚೇರಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬಿಳಿ ಶರ್ಟು, ಟೈ ಹಾಕಿಕೊಂಡು ಜೋಡಿಯಾಗಿ ಮನೆಮನೆಗೆ ಹೋಗುವ ಹುಡುಗರನ್ನು ಸಿನಿಮಾದಲ್ಲಿ ನೋಡಿರ್ತೀರಿ. ಹಿರಿಯ ದಂಪತಿಯ ಲೆಕ್ಕ ಬೇರೆ. ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳು ಇರಬಾರದು, ಆರೋಗ್ಯ ಚೆನ್ನಾಗಿರಬೇಕು. ಹೆಚ್ಚಿನವರು ನಿವೃತ್ತರು. ಆರು ತಿಂಗಳಿನಿಂದ 23 ತಿಂಗಳವರೆಗೆ ಸೇವೆ. ಸಂಬಳ ಇಲ್ಲ. ಬಾಡಿಗೆ, ಊಟ, ಓಡಾಟ ಎಲ್ಲಾ ತಮ್ಮ ಪಿಂಚಣಿ, ಉಳಿತಾಯದಿಂದಲೇ. ಯಾವ ಥರದ ಕೆಲಸ ಇಷ್ಟ ಅಂತ ಹೇಳಿಕೊಳ್ಳಬಹುದು, ಆದರೆ ಎಲ್ಲಿಗೆ ಅನ್ನೋದನ್ನು ಕೊನೆಗೆ ಚರ್ಚೇ ತೀರ್ಮಾನ ಮಾಡುತ್ತೆ. ಯುವ ಮಿಷನರಿಗಳ ಹಾಗೆ ಇಡೀ ದಿನದ ಕಟ್ಟುನಿಟ್ಟಿನ ವೇಳಾಪಟ್ಟಿ ಇವರಿಗಿಲ್ಲ. ಕೆಲವರು ಆಸ್ಪತ್ರೆ, ಕೆಲವರು ದಾಖಲೆ ಸಂಗ್ರಹ, ಕೆಲವರು ಕಚೇರಿ ಕೆಲಸಕ್ಕೆ ಹೋಗ್ತಾರೆ. ಅದರಲ್ಲಿ ಒಂದು ವಿಭಾಗ ದೊಡ್ಡ ಸೇನಾ ನೆಲೆಗಳ ಹತ್ತಿರ ಮನೆ ಮಾಡಿಕೊಂಡು ಇರುವುದು.

ಕೈಸರ್ಸ್‌ಲೌಟರ್ನ್ ಅಂಥದ್ದೇ ಜಾಗ. ಪಕ್ಕದಲ್ಲೇ ರಾಮ್‌ಸ್ಟೈನ್ ವಾಯುನೆಲೆ, ಇನ್ನೊಂದು ಗುಡ್ಡದ ಮೇಲೆ ಲ್ಯಾಂಡ್‌ಸ್ಟುಲ್ ಸೇನಾ ಆಸ್ಪತ್ರೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ಸೈನಿಕರನ್ನು ವಿಮಾನದಲ್ಲಿ ಮೊದಲು ತಂದದ್ದು ಈ ಆಸ್ಪತ್ರೆಗೆ. ಕುಟುಂಬದವರೂ ಸೇರಿ ಸುಮಾರು 50 ಸಾವಿರ ಅಮೆರಿಕನ್ನರು ಈ ಸುತ್ತಮುತ್ತ ಇದ್ದಾರೆ. ಊರಿನ ಹೆಸರು ಬಾಯಿಗೆ ಬರದೆ ಅವರೆಲ್ಲ ಕರೆಯೋದು ಕೆ-ಟೌನ್ ಅಂತ.

ಸೈನಿಕರ ಮನೆಗೆ ಬೇರೆ ವ್ಯವಸ್ಥೆ ಯಾಕೆ?

ಅಮೆರಿಕದ ಸೈನಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಹನ್ನೆರಡನೇ ತರಗತಿ ಮುಗಿಸುವಷ್ಟರಲ್ಲಿ ಸೈನಿಕರ ಮಗು ಆರರಿಂದ ಒಂಬತ್ತು ಸಲ ಶಾಲೆ ಬದಲಿಸುತ್ತೆ ಅನ್ನೋದು ಅಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಂಡತಿ ನರ್ಸೋ ಟೀಚರೋ ಆಗಿದ್ದರೆ, ಒಂದು ರಾಜ್ಯದ ಲೈಸೆನ್ಸ್ ಇನ್ನೊಂದು ರಾಜ್ಯದಲ್ಲಿ ನೇರವಾಗಿ ನಡೆಯದೆ ಎಷ್ಟೋ ಸಲ ಕೆಲಸ ಬಿಡಬೇಕಾಗುತ್ತಿತ್ತು. ಇದರ ಮೇಲೆ ಗಂಡ ಆರೇಳು ತಿಂಗಳೋ ಒಂಬತ್ತು ತಿಂಗಳೋ ಹೊರದೇಶಕ್ಕೆ ನಿಯೋಜನೆಯ ಮೇಲೆ ಹೋಗಿಬಿಡ್ತಾನೆ.

ಈಗ ಯೋಚನೆ ಮಾಡಿ. ಇಪ್ಪತ್ತೊಂದು ವರ್ಷದ ಹುಡುಗಿ, ಕೈಯಲ್ಲಿ ಎರಡು ತಿಂಗಳ ಕೂಸು, ಗೊತ್ತಿಲ್ಲದ ದೇಶ, ತಾಯಿ ಎಂಟು ಸಾವಿರ ಕಿಲೋಮೀಟರ್ ದೂರ. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗ್ತಾರೆ. ಅವಳಿಗೆ ತವರೇ ಕೈಗೆ ಸಿಗಲ್ಲ.

ಈ ಜಾಗಕ್ಕೆ ಬರುವವರು ಹಿರಿಯ ದಂಪತಿ. ಕೆಳಗಿನ ಮನೆಯ ಆಂಟಿಯ ಡೈರಿ ಪುಟ ಒಂದು ಸಲ ಕಣ್ಣಿಗೆ ಬಿತ್ತು. ಹೌದು, ಅವರ ಪಟ್ಟಿಯಲ್ಲಿ ಎಲ್ಡರ್, ಸಿಸ್ಟರ್ ಅಂತ ಇದ್ದರೂ ನಾನು ಕರೆಯುತ್ತಿದ್ದದ್ದು ಅಂಕಲ್, ಆಂಟಿ ಅಂತಲೇ. ಮೊದಲು ನಕ್ಕರು, ಆಮೇಲೆ ಅವರೇ ಹಾಗೆ ಸಹಿ ಹಾಕೋಕೆ ಶುರು ಮಾಡಿದರು. ಆ ಪುಟದಲ್ಲಿ ಇದ್ದದ್ದು: ಹೊಸದಾಗಿ ಬಂದ ಕುಟುಂಬವನ್ನು ವಿಮಾನ ನಿಲ್ದಾಣದಿಂದ ಕರೆತರುವುದು. ಒಬ್ಬಳನ್ನು ಹಲ್ಲಿನ ಡಾಕ್ಟರ ಹತ್ತಿರ ಬಿಟ್ಟು, ಅವಳ ಮಗುವನ್ನು ಒಂದು ಗಂಟೆ ನೋಡಿಕೊಳ್ಳುವುದು. ಭಾನುವಾರ ಬ್ಯಾರಕ್ಕಿನ ಆರು ಹುಡುಗರಿಗೆ ಊಟ. ಜರ್ಮನ್ ಭಾಷೆಯಲ್ಲಿ ಬಂದ ಕರೆಂಟ್ ಬಿಲ್ಲು ಏನು ಅಂತ ಕೇಳಿ ತಿಳಿದುಕೊಳ್ಳುವುದು. ಬೈಬಲ್ ಓದು ಅನ್ನೋದು ವಾರದಲ್ಲಿ ಎರಡು ಕಡೆ ಮಾತ್ರ ಇತ್ತು, ಅದೂ ಅವರದೇ ಪಂಥದವರ ಮನೆಯಲ್ಲಿ.

ನಿಯಮ ಏನು ಹೇಳುತ್ತೆ?

ನನ್ನ ಅನುಮಾನಕ್ಕೆ ಬರೋಣ. ಸೇನಾ ನೆಲೆಯೊಳಗೆ ಯಾರು ಬೇಕಾದರೂ ಹೋಗಿ ಪ್ರಚಾರ ಮಾಡುವ ಹಾಗಿಲ್ಲ. ಒಳಗೆ ಕಾಲಿಡೋಕೇ ಪರವಾನಗಿ ಬೇಕು. ಧಾರ್ಮಿಕ ಕೆಲಸ ಏನೇ ಇದ್ದರೂ ಚಾಪ್ಲಿನ್ ಮೂಲಕ ನಡೀಬೇಕು. ಚಾಪ್ಲಿನ್ ಅಂದ್ರೆ ಸೇನೆಯ ಧರ್ಮಾಧಿಕಾರಿ. ಅಮೆರಿಕದಲ್ಲಿ ಈ ಹುದ್ದೆ 1775ರಿಂದ ಇದೆ. ಅವರು ಅಧಿಕಾರಿ ದರ್ಜೆಯವರು, ಆಯುಧ ಹಿಡಿಯೋದಿಲ್ಲ. ಅವರ ಜವಾಬ್ದಾರಿ ಎರಡು. ತಮ್ಮ ಧರ್ಮದವರಿಗೆ ತಾವೇ ವಿಧಿ ನಡೆಸಬೇಕು. ಬೇರೆ ಧರ್ಮದವರಿಗೆ, ಹಿಂದೂ, ಮುಸ್ಲಿಂ, ಯಹೂದಿ ಯಾರೇ ಇರಲಿ, ಅವರವರ ವ್ಯವಸ್ಥೆ ಮಾಡಿಸಿಕೊಡಬೇಕು. ಹಿರಿಯ ದಂಪತಿ ಬರೋದು ಈ ಎರಡನೇ ಬಾಗಿಲಿನಿಂದ. ತಮ್ಮ ಪಂಥದ ಸೈನಿಕರು ಅಂತ ಚಾಪ್ಲಿನ್‌ಗೆ ನೆರವಾಗ್ತಾರೆ. ಇರಾಕ್, ಅಫ್ಘಾನಿಸ್ತಾನದಲ್ಲಿದ್ದ ಸೈನಿಕರಿಗಂತೂ ಯಾವುದೇ ಧರ್ಮದ ಮತಪ್ರಚಾರ ಮಾಡಬಾರದು ಅಂತ ಲಿಖಿತ ಆದೇಶವೇ ಇತ್ತು.

ಇನ್ನೊಂದು ಮುಖ್ಯ ವ್ಯತ್ಯಾಸ. ಚಾಪ್ಲಿನ್ ಹತ್ತಿರ ಸೈನಿಕ ಹೇಳಿಕೊಂಡ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಅದು ಮೇಲಧಿಕಾರಿಗೆ ಹೋಗಲ್ಲ. ಆತ್ಮಹತ್ಯೆಯ ಯೋಚನೆ, ಮನೆಯಲ್ಲಿ ಹೊಡೆತ ಬಡಿತ ಇಂಥದ್ದು ಕಿವಿಗೆ ಬಿದ್ದರೆ ಹಿರಿಯ ದಂಪತಿ ತಾವೇ ಬಗೆಹರಿಸೋಕೆ ಹೋಗಬಾರದು. ಅವರು ತರಬೇತಿ ಪಡೆದ ಆಪ್ತಸಮಾಲೋಚಕರಲ್ಲ. ಚಾಪ್ಲಿನ್ ಹತ್ತಿರವೋ ವೈದ್ಯರ ಹತ್ತಿರವೋ ಜೊತೆಯಲ್ಲಿ ಕರೆದುಕೊಂಡು ಹೋಗೋದು ಅವರ ಕೆಲಸ. "ನಮ್ಮ ಕೈಲಿ ಆಗದ್ದು ಯಾವುದು ಅಂತ ಕಲಿಯೋಕೇ ನಮಗೆ ಆರು ತಿಂಗಳು ಹಿಡೀತು" ಅಂತ ಅಂಕಲ್ ಹೇಳ್ತಿದ್ದರು.

ಆ ಒಂದು ತಪ್ಪು

ಅವರು ಮಾಡಿದ ಒಂದು ತಪ್ಪನ್ನು ನನಗೆ ಆಂಟಿಯೇ ಹೇಳಿದ್ದು. ಬಂದ ಹೊಸತು. ಒಬ್ಬ ಸೈನಿಕನ ಹೆಂಡತಿಗೆ ಜ್ವರ ಅಂತ ತಿಳಿದು, ಫೋನ್ ಮಾಡದೆ ಸೂಪ್ ತಗೊಂಡು ಹೊರಟರು. ಭಾನುವಾರ ಪ್ರಾರ್ಥನೆ ಮುಗಿಸಿ ನೇರ ಹೋದದ್ದು, ಅಂಕಲ್ ಮೈಮೇಲೆ ಕಪ್ಪು ಕೋಟು. ಬೆಲ್ ಒತ್ತಿದರು. ಒಳಗಿಂದ ಆ ಹುಡುಗಿ ಬಾಗಿಲ ಕಿಂಡಿಯಲ್ಲಿ ನೋಡಿದಳು. ಇಬ್ಬರು ಅಪರಿಚಿತರು, ಕಪ್ಪು ಬಟ್ಟೆ, ಗಂಭೀರ ಮುಖ. ಬಾಗಿಲು ತೆರೆಯಲಿಲ್ಲ. ಒಳಗಿಂದ ಕೂಗು ಕೇಳಿಸಿತು.

ಯಾಕೆ ಗೊತ್ತಾ? ಅಮೆರಿಕದಲ್ಲಿ ಸೈನಿಕ ತೀರಿಕೊಂಡರೆ ಫೋನಿನಲ್ಲಿ ಹೇಳೋದಿಲ್ಲ. ಸಮವಸ್ತ್ರದಲ್ಲಿ ಇಬ್ಬರು ಮನೆ ಬಾಗಿಲಿಗೇ ಬಂದು ಹೇಳ್ತಾರೆ. ಅವರಲ್ಲಿ ಒಬ್ಬರು ಎಷ್ಟೋ ಸಲ ಚಾಪ್ಲಿನ್. ಗಂಡ ನಿಯೋಜನೆಯಲ್ಲಿರುವ ಪ್ರತಿ ಮನೆಯಲ್ಲೂ ಹೇಳದೆ ಬಂದ ಬೆಲ್ಲಿನ ಸದ್ದಿಗೆ ಒಂದೇ ಅರ್ಥ.

ಆಂಟಿ ಬಾಗಿಲ ಹೊರಗೆ ನೆಲದ ಮೇಲೆ ಕೂತು, "ಏನೂ ಆಗಿಲ್ಲ ಮಗಳೇ, ಸೂಪ್ ತಂದಿದ್ದೀವಿ, ಅಷ್ಟೇ" ಅಂತ ಹತ್ತು ನಿಮಿಷ ಹೇಳಬೇಕಾಯಿತಂತೆ. ಅವತ್ತಿನಿಂದ ಮೆಸೇಜ್ ಹಾಕದೆ, ಉತ್ತರ ಬಾರದೆ ಅವರು ಯಾರ ಬೆಲ್ಲನ್ನೂ ಒತ್ತಲಿಲ್ಲ. ಮನೆಗಳಿಗೆ ಹೋಗುವಾಗ ಕೋಟು ಕಾರಿನಲ್ಲೇ ಉಳಿಯುತ್ತಿತ್ತು. ಇನ್ನೊಂದು ಅಂದ್ರೆ, "ಅವರು ಯಾವಾಗ ವಾಪಸ್?" ಅಂತ ಕೇಳೋದನ್ನು ಬಿಟ್ಟರು. ಭದ್ರತೆಯ ದೃಷ್ಟಿಯಿಂದ ದಿನಾಂಕವನ್ನು ಯಾರಿಗೂ ಹೇಳುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆಗೆ ದಿನಕ್ಕೆ ಐದು ಸಲ ಉತ್ತರ ಹೇಳಿ ಅವಳಿಗೆ ಸಾಕಾಗಿರುತ್ತೆ.

ಇದನ್ನು ಕೇಳಿದಾಗ ನನಗೆ 1999 ನೆನಪಾಯಿತು. ತಂದೆಯ ವಿಳಾಸ ನಮಗೆ ಒಂದು ಸಾಲು, 'ಕೇರ್ ಆಫ್ 56 ಎಪಿಒ'. ಎಲ್ಲಿದ್ದಾರೆ ಅಂತ ಅದರಿಂದ ಏನೂ ತಿಳಿಯಲ್ಲ. ಒಂದು ಮಧ್ಯಾಹ್ನ, ಟಪಾಲಿನ ಹೊತ್ತು ಅಲ್ಲದ ಹೊತ್ತಿನಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ ಮನೆ ಮುಂದೆ ನಿಂತಿತು, ಕೈಯಲ್ಲಿ ತಂತಿ. ಅಮ್ಮ ಅಂಗಳದಲ್ಲೇ ಕುಸಿದು ಕೂತರು. ತಂತಿಯಲ್ಲಿದ್ದದ್ದು ಚಿಕ್ಕಮ್ಮನಿಗೆ ಗಂಡು ಮಗು ಆಯಿತು ಅನ್ನೋ ಸುದ್ದಿ! ಅಪ್ಪ ಕ್ಷೇಮವಾಗಿ ಬಂದರು. ಆದರೆ ಆ ಯುದ್ಧದಲ್ಲಿ ನಮ್ಮ 527 ಯೋಧರು ತೀರಿಕೊಂಡರು. ಅಷ್ಟು ಮನೆಗಳಿಗೆ ಬಂದ ಸುದ್ದಿ ಬೇರೆಯೇ.

ಅಮ್ಮನಿಗೆ ಫೋನಿನಲ್ಲಿ ಈ ದಂಪತಿಯ ವಿಷಯ ಹೇಳಿದೆ. ಅವರು ಹೇಳಿದ್ದು ಇಷ್ಟು: "ಮೊದಲ ವಾರ ಊರೆಲ್ಲಾ ಬಂದ್ರು ಕಣೋ. ಏನಾದ್ರೂ ಸುದ್ದಿ ಬಂತಾ, ಏನಾದ್ರೂ ಸುದ್ದಿ ಬಂತಾ ಅಂತ ಒಂದೇ ಮಾತು. ಆಮೇಲೆ ಯಾರೂ ಇಲ್ಲ. ಸುಮ್ನೆ ಜಗಲಿ ಮೇಲೆ ಕೂತು ಹುರುಳಿಕಾಯಿ ಬಿಡಿಸೋಕೆ ಒಬ್ಬರು ಇದ್ದಿದ್ರೆ ಸಾಕಿತ್ತು."

ಹಳೆಯ ಒಂದು ನೆನಪು

ಈ ಪಂಥಕ್ಕೂ ಸೈನ್ಯಕ್ಕೂ ನಂಟು ಹಳೆಯದು. 1846ರಲ್ಲಿ ಅಮೆರಿಕ–ಮೆಕ್ಸಿಕೊ ಯುದ್ಧಕ್ಕೆ ಇವರಲ್ಲಿ ಸುಮಾರು 500 ಗಂಡಸರು ಸೈನ್ಯ ಸೇರಿದರು. ಇಲಿನಾಯ್ ರಾಜ್ಯದಿಂದ ಓಡಿಸಲ್ಪಟ್ಟು, ಕುಟುಂಬಗಳು ಗಾಡಿಗಳಲ್ಲಿ ಬಿಡಾರ ಹೂಡಿದ್ದ ಕಾಲ ಅದು. ಗಂಡಸರು ಸುಮಾರು 3,200 ಕಿಲೋಮೀಟರ್ ನಡೆದು 1847ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಮುಟ್ಟಿದರು. ಮೆಕ್ಸಿಕೊ ಸೈನ್ಯದ ಜೊತೆ ಒಂದು ಕದನವನ್ನೂ ಮಾಡಲಿಲ್ಲ. ಇತ್ತ ಮಿಸೌರಿ ನದಿಯ ದಡದ ಬಿಡಾರದಲ್ಲಿ ಹೆಂಗಸರು, ಮಕ್ಕಳು, ಮುದುಕರು ಚಳಿಗಾಲ ಕಳೆದರು, ಕಾಯಿಲೆಯಿಂದ ಅನೇಕರು ಸತ್ತರು. ನಡೆದವರ ಕಥೆಗೆ ಸ್ಮಾರಕಗಳಿವೆ. ಕಾದವರನ್ನು ನೋಡಿಕೊಂಡವರ ಕಥೆ ಅಷ್ಟಾಗಿ ಯಾರೂ ಹೇಳೋದಿಲ್ಲ.

ಹಾಗಾದ್ರೆ ಎಲ್ಲಾ ಸರಿಯಾ?

ಇಲ್ಲ, ನನ್ನ ಕೆಲವು ಪ್ರಶ್ನೆಗಳು ಹಾಗೇ ಉಳಿದಿವೆ. ತಮ್ಮ ಖರ್ಚಿನಲ್ಲೇ ಬರಬೇಕಾದ್ದರಿಂದ ಇದು ಪಿಂಚಣಿ, ಉಳಿತಾಯ ಇರುವವರಿಗೆ ಮಾತ್ರ ಆಗುವ ಸೇವೆ. ಒಂದೂವರೆ ವರ್ಷಕ್ಕೆ ಅವರೂ ಊರಿಗೆ ಹೊರಡ್ತಾರೆ. ವರ್ಗಾವಣೆಯಿಂದ ನೊಂದ ಮಕ್ಕಳಿಗೆ ಇದು ಮತ್ತೊಂದು ವಿದಾಯ. ಇನ್ನು, ಒಂಟಿತನದಲ್ಲಿರುವ ಹತ್ತೊಂಬತ್ತರ ಹುಡುಗನಿಗೆ ಬಿಸಿ ಊಟ ಹಾಕುವ ಕೈ ಏನು ನಂಬಿದರೂ ಅದು ಅವನಿಗೆ ಸರಿ ಅನ್ನಿಸಬಹುದು. ಪ್ರಚಾರ ಮಾಡದೆ ಇದ್ದರೂ ಪ್ರಭಾವ ಇದ್ದೇ ಇರುತ್ತೆ. ಇದನ್ನೇ ಅಂಕಲ್‌ಗೆ ನೇರವಾಗಿ ಕೇಳಿದೆ. ಸಿಟ್ಟಾಗಲಿಲ್ಲ. "ಹೌದು, ಅದಕ್ಕೇ ಕೇಳದೆ ನಾವು ಆ ಮಾತು ಎತ್ತಲ್ಲ" ಅಂದರು. ನನಗೆ ಪೂರ್ತಿ ಸಮಾಧಾನ ಆಯಿತು ಅಂತ ಹೇಳಲಾರೆ. ಆದರೆ ಎರಡು ವರ್ಷದಲ್ಲಿ ನನ್ನ ಮುಂದೆ ಅವರು ಒಂದು ಸಲವೂ ಆ ಮಾತು ಎತ್ತಲಿಲ್ಲ ಅನ್ನೋದು ನಿಜ.

ನಮ್ಮ ಸೇನೆಯಲ್ಲಿ ವ್ಯವಸ್ಥೆ ಬೇರೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಇವರೆಲ್ಲ ಧರ್ಮಗುರು ಅನ್ನೋ ಹೆಸರಿನಲ್ಲಿ ಜೆಸಿಒ ದರ್ಜೆಯಲ್ಲೇ ಇರ್ತಾರೆ. ಎಷ್ಟೋ ಘಟಕಗಳಲ್ಲಿ ಒಂದೇ ಸೂರಿನ ಕೆಳಗೆ ಸರ್ವಧರ್ಮ ಸ್ಥಳ ಇದೆ. ಕುಟುಂಬಗಳಿಗೆ 1966ರಲ್ಲಿ ಶುರುವಾದ ಸೇನಾ ಪತ್ನಿಯರ ಕಲ್ಯಾಣ ಸಂಘ, ಅಂದ್ರೆ ಆವಾ ಇದೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಆದರೆ ಕ್ವಾರ್ಟರ್ಸ್ ಬಿಟ್ಟು ಹಳ್ಳಿಯಲ್ಲಿ ಅತ್ತೆ ಮಾವನ ಜೊತೆ ಇರುವ ಸೈನಿಕನ ಹೆಂಡತಿಯ ಜಗಲಿವರೆಗೆ ಇಲಾಖೆ ಬರಲ್ಲ. ಅಲ್ಲಿಗೆ ಬರಬೇಕಾದವರು ಅಕ್ಕಪಕ್ಕದವರು.

ಕೊನೆಯಲ್ಲಿ ಒಂದು ವಿಷಯ. ಆಂಟಿ ಯಾವ ಮನೆಗೆ ಊಟ ಕೊಟ್ಟರೂ ಒಳ್ಳೆ ಪಾತ್ರೆಯಲ್ಲೇ ಕೊಡ್ತಿದ್ದರು, ಬಿಸಾಡುವ ಡಬ್ಬಿಯಲ್ಲಿ ಅಲ್ಲ. ಪಾತ್ರೆ ವಾಪಸ್ ತರೋಕೆ ಇನ್ನೊಂದು ಸಲ ಹೋಗಬಹುದಲ್ಲ, ಅದಕ್ಕೆ. ನಾನು ಅವರಿಗೆ ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಹೇಳಿ, ಅವರ ಪಾತ್ರೆ ತುಂಬ ಚಿತ್ರಾನ್ನ ಕೊಟ್ಟೆ. ಅದನ್ನು ಅವರು ಸೂಪ್ ಕೊಟ್ಟಿದ್ದ ಆ ಹುಡುಗಿಯ ಮನೆಗೆ ತಗೊಂಡು ಹೋದರು. ಮೊದಲೇ ಮೆಸೇಜ್ ಹಾಕಿ.

ನಿಮ್ಮ ಬೀದಿಯಲ್ಲಿ ಸೈನಿಕರ ಮನೆ ಇದೆಯಾ? ಅವರಿಗೆ ಯಾವ ಥರದ ನೆರವು ನಿಜಕ್ಕೂ ಉಪಯೋಗಕ್ಕೆ ಬಂತು, ಯಾವುದು ಭಾರವಾಯಿತು? ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಓದೋಣ.