ಎರೆಮಣ್ಣಿನ ಸಾರಜನಕದ ಲೆಕ್ಕ

ಬೆಳೆ ಮಣ್ಣಿನಿಂದ ಹೀರಿದ ಪೋಷಕಾಂಶಗಳಲ್ಲಿ ಒಂದು ಪಾಲು ಕಾಳಿನೊಂದಿಗೆ ಹೊಲ ಬಿಟ್ಟು ಹೋಗುತ್ತದೆ. ಇನ್ನೊಂದು ಪಾಲು ಬೇರು, ಕೂಳೆ, ತಿಪ್ಪೆಗೊಬ್ಬರಗಳ ರೂಪದಲ್ಲಿ ಮಣ್ಣಿಗೆ ಮರಳುತ್ತದೆ. ಎಲ್ಲಿ ಎಷ್ಟಿದೆ, ಯಾವ ವೇಗದಲ್ಲಿ ಎತ್ತ ಸಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದಿಡುವುದೇ ಪೋಷಕಾಂಶ ಚಕ್ರದ ಗಣಿತ ಮಾದರಿ.

ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದ ಭಾಗದ ಎರೆಹೊಲಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಒಂದು ಹೆಕ್ಟೇರಿನ ಮೇಲ್ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೊ. ಅದರಲ್ಲಿ ಸಾವಯವ ಇಂಗಾಲ ಶೇ. 0.5 ಎಂದು ಹಿಡಿದರೆ ಇಂಗಾಲ 10,000 ಕಿಲೊ ಆಗುತ್ತದೆ. ಸಾರಜನಕ ಅದರ ಹತ್ತನೇ ಒಂದು ಪಾಲು ಎಂದರೆ 1,000 ಕಿಲೊ. ಸಂಗ್ರಹ ದೊಡ್ಡದಾದರೂ ಸೂಕ್ಷ್ಮಜೀವಿಗಳು ಕೊಳೆಯಿಸಿ ಬಿಡಿಸದ ಹೊರತು ಬೇರಿಗೆ ಅದು ದಕ್ಕದು. ವರ್ಷಕ್ಕೆ ಶೇ. 2ರಷ್ಟು ಬಿಡುಗಡೆಯಾದರೆ ಬೆಳೆಗೆ ಸಿಗುವುದು ಬರೀ 20 ಕಿಲೊ. ಮಣ್ಣಿಗೆ ಏನೂ ಮರಳದಿದ್ದರೆ ಇದೇ ವೇಗದಲ್ಲಿ ಸುಮಾರು 35 ವರ್ಷಕ್ಕೆ ಸಂಗ್ರಹ ಅರ್ಧಕ್ಕಿಳಿಯುತ್ತದೆ.

ಈ ವೇಗ ಎಲ್ಲ ಕಡೆ ಒಂದೇ ಅಲ್ಲ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದುಬಂದಿರುವ ಪ್ರಯೋಗಗಳ ಆಧಾರದ ಮೇಲೆ ರಚಿತವಾದ ರೊತ್‌ಸಿ ಮಾದರಿ ಸಾವಯವ ಇಂಗಾಲವನ್ನು ಐದು ಭಾಗಗಳಾಗಿ ವಿಂಗಡಿಸುತ್ತದೆ. ಬೇಗ ಕೊಳೆಯುವ ಸಸ್ಯಭಾಗ ಸುಮಾರು 25 ದಿನಗಳಲ್ಲಿ ಅರ್ಧವಾದರೆ ಹ್ಯೂಮಸ್ ಅರ್ಧವಾಗಲು 35 ವರ್ಷ ಬೇಕು. ಆದರೆ ಇವು ತಂಪು ನಾಡಿನ ಅಂಕಿಗಳು. ಗಜೇಂದ್ರಗಡದ ಬಿಸಿಲು ಕೊಳೆಯುವಿಕೆಯನ್ನು ಚುರುಕುಗೊಳಿಸುತ್ತದೆ, ಬೇಸಿಗೆಯ ಒಣ ಮಣ್ಣು ಅದನ್ನು ತಡೆಯುತ್ತದೆ. ಹೀಗಾಗಿ ಉಷ್ಣತೆ, ತೇವಾಂಶಗಳ ಗುಣಕಗಳಿಂದ ವೇಗವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಮಣ್ಣಿಗೆ ಸೇರುವ ಪದಾರ್ಥದ ಗುಣವೂ ಮುಖ್ಯ. ಜೋಳದ ಕೂಳೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಹೆಸರು, ಕಡಲೆಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಒಳತರುವುದರಿಂದ ಸಮೀಕರಣಕ್ಕೆ ಜಮೆಯ ಪದವೊಂದು ಸೇರುತ್ತದೆ. ಸುಣ್ಣದಂಶವಿರುವ ಎರೆಮಣ್ಣಿನ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಇದು ಖರ್ಚು. ರಂಜಕವೋ ಸುಣ್ಣದೊಂದಿಗೆ ಕೂಡಿ ಬೆಳೆಗೆ ಸುಲಭವಾಗಿ ದಕ್ಕದ ರೂಪ ತಾಳುತ್ತದೆ.

ಭಾರತದಲ್ಲಿ ಇಂಥ ಗಣಿತವನ್ನು ಹೊಲಕ್ಕೆ ತಂದದ್ದು ಮಣ್ಣು ವಿಜ್ಞಾನಿ ರಾಮಮೂರ್ತಿ ಮತ್ತು ಸಹೋದ್ಯೋಗಿಗಳು 1967ರಲ್ಲಿ ಮಂಡಿಸಿದ ಗುರಿ ಇಳುವರಿ ಪದ್ಧತಿ. ಬಯಸಿದ ಇಳುವರಿಗೆ ಬೇಕಾದ ಪೋಷಕಾಂಶದಿಂದ ಮಣ್ಣು ಒದಗಿಸುವ ಪಾಲನ್ನು ಕಳೆಯಬೇಕು. ಉಳಿದದ್ದನ್ನು, ಹಾಕಿದ ಗೊಬ್ಬರದಲ್ಲಿ ಬೆಳೆ ನಿಜಕ್ಕೂ ಹೀರುವ ಅಂಶದಿಂದ ಭಾಗಿಸಬೇಕು. 30 ಕಿಲೊ ಕೊರತೆಯಿದ್ದು ಬೆಳೆ ಶೇ. 40ರಷ್ಟು ಮಾತ್ರ ಹೀರುವುದಾದರೆ 75 ಕಿಲೊ ಹಾಕಬೇಕು.

ಒಂದೇ ಪೋಷಕಾಂಶದ ಲೆಕ್ಕ ಮಾತ್ರ ಸಾಲದು. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸಹಯೋಗದಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಇವುಗಳಲ್ಲೊಂದು ಕಡಿಮೆಯಾದರೂ ಹಾಕಿದ ಸಾರಜನಕ ಪೂರ್ತಿ ಫಲ ಕೊಡದು. ಆದ್ದರಿಂದ ಯಾವ ಮಾದರಿಗಾದರೂ ಆ ಹೊಲದ ಮಣ್ಣಿನ ಪರೀಕ್ಷೆಯೇ ಮೊದಲ ಅಂಕಿ. ಅದು ತಪ್ಪಿದರೆ ಸಮೀಕರಣ ಸರಿಯಿದ್ದೂ ಉತ್ತರ ತಪ್ಪುತ್ತದೆ.