ವಾತ್ಸ್‌ಲಾಫ್: ಒಂದು ಹೆಸರು, ಒಂದು ಕೊಲೆ, ಇಬ್ಬರು ಅಧ್ಯಕ್ಷರು

ಮೆಟ್ರೋದಲ್ಲಿ ನಿಂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ಇವತ್ತು ಒಂದು ಹೆಸರಿನ ಕತೆ ಹೇಳ್ತೀನಿ. ಶುರು ಮಾತ್ರ ಕಾರಿನಿಂದ.

ನಮ್ಮ ರಸ್ತೆಯಲ್ಲಿ ಓಡಾಡೋ ಕೆಲವು ಸ್ಕೋಡಾ ಕಾರುಗಳ ಮೇಲೆ 'ಎಲ್ ಅಂಡ್ ಕೆ' ಅನ್ನೋ ಬ್ಯಾಡ್ಜ್ ಇರುತ್ತೆ. ನಾನು ತುಂಬಾ ದಿನ ಅದು ಲಕ್ಷುರಿಗೆ ಸಂಬಂಧಪಟ್ಟ ಏನೋ ಶಾರ್ಟ್‌ಫಾರ್ಮ್ ಅಂದ್ಕೊಂಡಿದ್ದೆ. ಅಲ್ಲ. ಅದು ಲೌರಿನ್ ಮತ್ತು ಕ್ಲೆಮೆಂಟ್, ಕಂಪನಿ ಕಟ್ಟಿದ ಇಬ್ಬರ ಮನೆತನದ ಹೆಸರು. ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಪುಸ್ತಕದಂಗಡಿಯವನು. ಇಬ್ಬರಿಗೂ ಮನೆಯಲ್ಲಿ ಇಟ್ಟ ಹೆಸರು ಒಂದೇ: ವಾತ್ಸ್‌ಲಾಫ್.

ಅವರ ಕತೆ ಚಿಕ್ಕದು, ಆದ್ರೆ ನಮಗೆ ಬೇಗ ಅರ್ಥ ಆಗುತ್ತೆ. ಕ್ಲೆಮೆಂಟ್ ಕೊಂಡ ಸೈಕಲ್ ಕೆಟ್ಟುಹೋಯ್ತು. ಜೆಕ್ ನಾಡು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದೊಳಗಿತ್ತು, ಸೈಕಲ್ ಕಂಪನಿ ಜರ್ಮನ್ನರದ್ದು. ರಿಪೇರಿ ಮಾಡಿಕೊಡಿ ಅಂತ ಕ್ಲೆಮೆಂಟ್ ತನ್ನ ಭಾಷೆಯಲ್ಲಿ, ಜೆಕ್‌ನಲ್ಲಿ ಕಾಗದ ಬರೆದ. ಉತ್ತರ ಜರ್ಮನ್‌ನಲ್ಲಿ ಬಂತು: ನಮಗೆ ಅರ್ಥವಾಗೋ ಭಾಷೆಯಲ್ಲಿ ಬರೀರಿ ಅಂತ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡೋಕೆ ಹೋಗಿ ಸುಸ್ತಾದವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ. ಕ್ಲೆಮೆಂಟ್ ಏನ್ ಮಾಡ್ದ? ಲೌರಿನ್ ಜೊತೆ ಸೇರಿ 1895ರಲ್ಲಿ ಮ್ಲಾದಾ ಬೊಲೆಸ್ಲಾಫ್ ಅನ್ನೋ ಊರಲ್ಲಿ ಸೈಕಲ್ ರಿಪೇರಿ ಅಂಗಡಿ ತೆಗೆದ. ಆಮೇಲೆ ಸ್ವಂತ ಸೈಕಲ್, ಅದಕ್ಕೆ 'ಸ್ಲಾವಿಯಾ' ಅಂತ ಹೆಸರು. ಈಗ ಇಲ್ಲಿ ಮಾರೋ ಸೆಡಾನ್‌ಗೂ ಅದೇ ಹೆಸರು. ಸೈಕಲ್ ಆದ್ಮೇಲೆ ಮೋಟಾರ್ ಸೈಕಲ್, 1905ರ ಹೊತ್ತಿಗೆ ಕಾರು. ಸ್ಕೋಡಾ ಅನ್ನೋ ಹೆಸರು ಅಂಟಿಕೊಂಡಿದ್ದು 1925ರಲ್ಲಿ, ಪ್ಲ್‌ಜೆನ್‌ನ ದೊಡ್ಡ ಕಾರ್ಖಾನೆ ಇದನ್ನ ಕೊಂಡಾಗ. (ಜೆಕ್‌ನಲ್ಲಿ 'ಶ್ಕೋಡ' ಅಂದ್ರೆ 'ನಷ್ಟ', 'ಛೇ, ಪಾಪ' ಅಂತಲೂ ಅರ್ಥ. ಬ್ರ್ಯಾಂಡಿಂಗ್ ಕ್ಲಾಸಿನಲ್ಲಿ ಯಾರೂ ಇದನ್ನ ಹೇಳಿಕೊಡಲಿಲ್ಲ.)

ಸರಿ, ಹೆಸರಿಗೆ ಬರೋಣ. ನಮ್ಮ ಪತ್ರಿಕೆಗಳಲ್ಲಿ ಇದನ್ನ 'ವಾಕ್ಲಾವ್' ಅಂತ ಬರೆದಿರೋದನ್ನ ನೋಡಿರ್ತೀರಿ. ಇಂಗ್ಲಿಷ್ 'ಸಿ' ಅಕ್ಷರ ನೋಡಿ 'ಕ' ಮಾಡ್ಕೊಂಡಿದ್ದು ಅದು. ಜೆಕ್‌ನಲ್ಲಿ ಆ ಅಕ್ಷರಕ್ಕೆ 'ತ್ಸ' ಉಚ್ಚಾರ. ಹಳೇ ಸ್ಲಾವಿಕ್ ಭಾಷೆಯ ಎರಡು ಪದ ಸೇರಿ ಆದ ಹೆಸರು: 'ಹೆಚ್ಚು' ಮತ್ತು 'ಕೀರ್ತಿ'. ಹೆಚ್ಚಿನ ಕೀರ್ತಿ ಉಳ್ಳವನು ಅಂತ. ಜರ್ಮನ್‌ನಲ್ಲಿ ಇದೇ ವೆಂಜೆಲ್, ಪೋಲಿಷ್‌ನಲ್ಲಿ ವಾತ್ಸ್‌ವಾಫ್, ರಷ್ಯನ್‌ನಲ್ಲಿ ವ್ಯಾಚೆಸ್ಲಾವ್. ಸ್ಟಾಲಿನ್‌ನ ವಿದೇಶಾಂಗ ಮಂತ್ರಿ, ಬಾಟಲಿ ಬಾಂಬಿಗೆ ಹೆಸರಾದ ಮೊಲೊಟೊವ್ ಕೂಡ ಒಬ್ಬ ವ್ಯಾಚೆಸ್ಲಾವ್. ಮನೆಯಲ್ಲಿ ಮುದ್ದಾಗಿ ಕರೆಯೋದು ವಾಶೆಕ್, ಇಲ್ಲಾ ವೆನ್ತ್ಸಾ.

ಇನ್ನೊಂದು ವಿಷಯ ನನಗೆ ಖುಷಿ ಕೊಡ್ತು. ನಾವು 'ತಮ್ಮ' ಅನ್ನೋನನ್ನ ಕೂಗುವಾಗ 'ತಮ್ಮಾ' ಅಂತೀವಲ್ಲ, ಸಂಬೋಧನೆಗೆ ಕೊನೆಯ ಸ್ವರ ಬದಲಾಗುತ್ತಲ್ಲ, ಜೆಕ್‌ನಲ್ಲೂ ಅದು ಇದೆ. ಎದುರಿಗಿದ್ದವನನ್ನ 'ವಾತ್ಸ್‌ಲಾಫ್' ಅಂತ ಕರೆಯಲ್ಲ, 'ವಾತ್ಸ್‌ಲಾವೆ' ಅಂತಾರೆ. ವಾಶೆಕ್ ಆದ್ರೆ 'ವಾಶ್ಕು'.

ಈಗ ಕೊಲೆ.

ಹತ್ತನೇ ಶತಮಾನ. ಬೊಹೀಮಿಯಾ, ಅಂದ್ರೆ ಇವತ್ತಿನ ಜೆಕ್ ದೇಶದ ಪಶ್ಚಿಮ ಭಾಗ. ಪ್ರೆಮಿಸ್ಲ್ ವಂಶ ಆಳ್ತಾ ಇದೆ. 921ರಲ್ಲಿ ಅಪ್ಪ ತೀರ್ಕೊಂಡ, ಮಗ ವಾತ್ಸ್‌ಲಾಫ್ ಇನ್ನೂ ಚಿಕ್ಕವನು. ಅವನನ್ನ ಬೆಳೆಸ್ತಾ ಇದ್ದಿದ್ದು ಅಜ್ಜಿ ಲುದ್ಮಿಲಾ, ಕ್ರೈಸ್ತ ಭಕ್ತೆ. ಅದೇ ವರ್ಷ ಆಕೆಯ ಕೊಲೆ ಆಯ್ತು. ಕತ್ತು ಬಿಗಿದು ಕೊಂದಿದ್ದು, ಮಾಡಿಸಿದ್ದು ಸೊಸೆ ಅಂತ, ಅಂದ್ರೆ ವಾತ್ಸ್‌ಲಾಫನ ಅಮ್ಮನೇ ಅಂತ, ಹಳೇ ಕಥನಗಳು ಹೇಳ್ತವೆ. ಹುಡುಗ ದೊಡ್ಡವನಾಗಿ ಅಧಿಕಾರಕ್ಕೆ ಬಂದ. ಪ್ರಾಗ್ ಕೋಟೆಯಲ್ಲಿ ಸಂತ ವಿತುಸ್ ಹೆಸರಲ್ಲಿ ದುಂಡಗಿನ ಚರ್ಚ್ ಕಟ್ಟಿಸಿದ. ಪಕ್ಕದ ಜರ್ಮನ್ ರಾಜ ಹೆನ್ರಿ ಸೈನ್ಯ ತಗೊಂಡು ಬಂದಾಗ ಕಪ್ಪ ಕೊಡೋಕೆ ಒಪ್ಪಿದ. ಜಾಣತನವೋ ಅಂಜಿಕೆಯೋ? ಸಾವಿರ ವರ್ಷದಿಂದ ಜಗಳ ಇದೆ ಅದಕ್ಕೆ.

ತಮ್ಮನ ಹೆಸರು ಬೊಲೆಸ್ಲಾಫ್. ತಮಾಷೆ ನೋಡಿ, ಆ ಹೆಸರಿನ ಅರ್ಥವೂ ಹೆಚ್ಚುಕಮ್ಮಿ ಅದೇ, 'ಹೆಚ್ಚಿನ ಕೀರ್ತಿ'. ತಮ್ಮ ಅಣ್ಣನನ್ನ ಹಬ್ಬದೂಟಕ್ಕೆ ಕರೆದ. ಮರುದಿನ ಬೆಳಗ್ಗೆ, ಸೆಪ್ಟೆಂಬರ್ 28, ಅಣ್ಣ ಪ್ರಾರ್ಥನೆಗೆ ಚರ್ಚಿನ ಕಡೆ ಹೋಗ್ತಿದ್ದಾಗ ಬಾಗಿಲಲ್ಲೇ ಮುಗಿಸಿದ್ರು. ವರ್ಷ 935 ಅಂತ ಈಗ ಹೆಚ್ಚಿನವರು ಒಪ್ತಾರೆ, ಹಿಂದೆ 929 ಅಂತಿದ್ರು. ಆ ಹಬ್ಬದ ಹೊತ್ತಲ್ಲಿ ಬೊಲೆಸ್ಲಾಫ್‌ಗೆ ಹುಟ್ಟಿದ ಮಗನಿಗೆ 'ಸ್ತ್ರಾಖ್‌ಕ್ವಾಸ್' ಅಂತ, 'ಭಯಾನಕ ಔತಣ' ಅಂತ ಹೆಸರಿಟ್ರು ಅಂತ ಹಳೇ ವೃತ್ತಾಂತಕಾರ ಕೊಸ್ಮಾಸ್ ಬರೀತಾನೆ. ನಿಜವೋ ಕತೆಯೋ, ಅಂಥ ಹೆಸರು ಹೊತ್ಕೊಂಡು ಓಡಾಡೋ ಮಗುವನ್ನ ನೆನೆಸ್ಕೊಳ್ಳಿ.

ಕೊಂದವನು ಹಲವು ದಶಕ ಆಳ್ದ, ರಾಜ್ಯವನ್ನೂ ಬೆಳೆಸ್ದ. ಆದ್ರೆ ಹೆಸರು ಉಳಿದಿದ್ದು ಕೊಲೆಯಾದವನದ್ದು. ಅವನು ಸಂತನಾದ, ನಾಡಿನ ರಕ್ಷಕನಾದ. ಕ್ರಿಸ್ಮಸ್ ಕ್ಯಾರಲ್‌ಗಳಲ್ಲಿ ಬರೋ 'ಕಿಂಗ್ ವೆನ್ಸಸ್ಲಾಸ್' ಇವನೇ. 1853ರಲ್ಲಿ ಇಂಗ್ಲಿಷ್ ಪಾದ್ರಿ ಜಾನ್ ಮೇಸನ್ ನೀಲ್ ಆ ಹಾಡು ಬರೆದ. ಬದುಕಿದ್ದಾಗ ಇವನು ರಾಜನೇ ಅಲ್ಲ, ಡ್ಯೂಕ್.

ಆಮೇಲೆ ರಾಜಮನೆತನದಲ್ಲಿ ಈ ಹೆಸರು ತಿರುಗ್ತಾನೇ ಇತ್ತು. ಮೂರನೇ ವಾತ್ಸ್‌ಲಾಫ್ 1306ರಲ್ಲಿ, ಹದಿನಾರನೇ ವಯಸ್ಸಿಗೆ, ಒಲೊಮೌತ್ಸ್ ಊರಲ್ಲಿ ಕೊಲೆಯಾದ. ಯಾರು ಕೊಂದ್ರು ಅನ್ನೋದು ಇವತ್ತಿಗೂ ಬಗೆಹರಿದಿಲ್ಲ, ಪ್ರೆಮಿಸ್ಲ್ ರಾಜರ ಗಂಡು ಸಂತತಿ ಅಲ್ಲಿಗೆ ಮುಗೀತು. ಅವನ ತಂಗಿಗೆ 1316ರಲ್ಲಿ ಮಗ ಹುಟ್ಟಿದ, ಅವನಿಗೂ ವಾತ್ಸ್‌ಲಾಫ್ ಅಂತಲೇ ಹೆಸರು. ಏಳು ವರ್ಷದವನನ್ನ ಫ್ರಾನ್ಸಿನ ಅರಮನೆಗೆ ಕಳಿಸಿದ್ರು, ಅಲ್ಲಿ ಅವನು ಚಾರ್ಲ್ಸ್ ಆದ. ಪ್ರಾಗ್‌ನ ವಿಶ್ವವಿದ್ಯಾಲಯ ಕಟ್ಟಿದ ನಾಲ್ಕನೇ ಚಾರ್ಲ್ಸ್ ಇವನೇ. ಬಿಟ್ಟುಬಂದ ಹೆಸರನ್ನ ಅವನು ಮರೀಲಿಲ್ಲ. 1346ರಲ್ಲಿ ಹೊಸ ಕಿರೀಟ ಮಾಡಿಸಿ ಅದನ್ನ ಸಂತ ವಾತ್ಸ್‌ಲಾಫ್‌ಗೆ ಒಪ್ಪಿಸಿದ. ಅಂದ್ರೆ ಕಿರೀಟದ ಮಾಲೀಕ ಸಂತ, ಪಟ್ಟಾಭಿಷೇಕದ ದಿನ ರಾಜ ಅದನ್ನ ಎರವಲು ತಗೋಬೇಕು. ಬಿ.ಕಾಂ ಓದಿದ ನನಗೆ ಈ ಏರ್ಪಾಡು ಬಹಳ ಇಷ್ಟ ಆಯ್ತು: ಅಧಿಕಾರ ನಿನ್ನ ಕೈಯಲ್ಲಿರಬಹುದು, ಬ್ಯಾಲೆನ್ಸ್ ಶೀಟ್‌ನಲ್ಲಿ ಮಾತ್ರ ನಿನ್ನದಲ್ಲ. ಇವತ್ತಿಗೂ ಆ ಕಿರೀಟ ಇರೋ ಕೋಣೆಗೆ ಏಳು ಬೀಗ, ಏಳು ಜನರ ಹತ್ತಿರ ಏಳು ಕೀ.

ಚಾರ್ಲ್ಸ್‌ನ ಮಗ ನಾಲ್ಕನೇ ವಾತ್ಸ್‌ಲಾಫ್ ಬಗ್ಗೆ ಹೆಚ್ಚು ಹೇಳಲ್ಲ. ಸೋಮಾರಿ ಅಂತ ಹೆಸರು ತಗೊಂಡ, ನೆಪೋಮುಕ್‌ನ ಯಾನ್ ಅನ್ನೋ ಪಾದ್ರಿಯನ್ನ 1393ರಲ್ಲಿ ವ್ಲ್‌ತಾವಾ ನದಿಗೆ ಎಸೆಸಿದ.

ನೇರ ಇಪ್ಪತ್ತನೇ ಶತಮಾನಕ್ಕೆ ಬರ್ತೀನಿ. ಪ್ರಾಗ್‌ನಲ್ಲಿ ವಾತ್ಸ್‌ಲಾಫ್ ಚೌಕ ಅಂತಿದೆ. ಚೌಕ ಅಂದ್ರೂ ಅದು ಉದ್ದ ರಸ್ತೆ ಥರ, ಸುಮಾರು 750 ಮೀಟರ್. ಮೊದಲು ಕುದುರೆ ಸಂತೆ ನಡೀತಿದ್ದ ಜಾಗ, 1848ರ ಕ್ರಾಂತಿಯ ವರ್ಷ ಸಂತನ ಹೆಸರಿಟ್ರು. ಮೇಲ್ತುದಿಯಲ್ಲಿ ಕುದುರೆ ಮೇಲೆ ಕೂತ ಸಂತನ ಪ್ರತಿಮೆ, ಕೆತ್ತಿದ ಶಿಲ್ಪಿಯ ಹೆಸರು ಯೋಸೆಫ್ ವಾತ್ಸ್‌ಲಾಫ್ ಮಿಸ್ಲ್‌ಬೆಕ್. ಪ್ರಾಗ್‌ನವರು 'ಕುದುರೆ ಹತ್ರ ಸಿಗೋಣ' ಅಂದ್ರೆ ಇಲ್ಲೇ.

ಈ ಹೆಸರನ್ನ ಎಲ್ಲರೂ ತಮ್ಮ ಕಡೆಗೆ ಎಳ್ಕೊಂಡಿದ್ದಾರೆ. 1918ರಲ್ಲಿ ಸ್ವತಂತ್ರ ಚೆಕೊಸ್ಲೊವಾಕಿಯಾ ಘೋಷಣೆಯಾದಾಗ ಜನ ಸೇರಿದ್ದು ಪ್ರತಿಮೆಯ ಹತ್ರ. ನಾಜಿಗಳು ದೇಶ ಹಿಡಿದಾಗ 1944ರಲ್ಲಿ ತಮಗೆ ನಿಷ್ಠರಾದ ಜೆಕ್ ಜನರಿಗೆ ಕೊಡೋಕೆ ಪದಕ ಮಾಡಿದ್ರು, ಅದರ ಮೇಲೆ ಸಂತ ವಾತ್ಸ್‌ಲಾಫನ ಹದ್ದು. ಜರ್ಮನ್ ರಾಜನಿಗೆ ಕಪ್ಪ ಕೊಟ್ಟವನಲ್ವಾ, ಅವರಿಗೆ ಅಷ್ಟೇ ಸಾಕಾಯ್ತು. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕ್‌ಗಳು ಇದೇ ಚೌಕಕ್ಕೆ ನುಗ್ಗಿದವು. 1969ರ ಜನವರಿ 16ರಂದು ಯಾನ್ ಪಲಾಖ್ ಅನ್ನೋ 20 ವರ್ಷದ ವಿದ್ಯಾರ್ಥಿ, ಜನ ಸುಮ್ಮನಾಗ್ತಿರೋದನ್ನ ಸಹಿಸಲಾಗದೆ, ಇಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಕ್ಕೆ ತೀರ್ಕೊಂಡ.

ಸರಿಯಾಗಿ ಇಪ್ಪತ್ತು ವರ್ಷ ಆದ್ಮೇಲೆ, 1989ರ ಜನವರಿ 16ಕ್ಕೆ, ಪಲಾಖ್ ನೆನಪಲ್ಲಿ ಚೌಕಕ್ಕೆ ಬಂದ ಒಬ್ಬ ನಾಟಕಕಾರನನ್ನ ಪೊಲೀಸರು ಎತ್ತಾಕ್ಕೊಂಡು ಹೋದ್ರು. ವಾತ್ಸ್‌ಲಾಫ್ ಹಾವೆಲ್.

ತಾತನ ಹೆಸರು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಮಾಮೂಲಿ. ಹಾವೆಲ್ ಮನೇಲಿ ಮೂರು ತಲೆಮಾರೂ ಅದೇ ಹೆಸರು. ತಾತ ವಾತ್ಸ್‌ಲಾಫ್ ಬಿಲ್ಡರ್, ಚೌಕದ ಪಕ್ಕದಲ್ಲೇ ಲುತ್ಸೆರ್ನಾ ಅನ್ನೋ ಭಾರೀ ಕಟ್ಟಡ ಕಟ್ಟಿಸಿದವರು. ಅಪ್ಪನೂ ವಾತ್ಸ್‌ಲಾಫ್, ಅವರೂ ಅದೇ ಉದ್ಯಮ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಆಸ್ತಿ ಹೋಯ್ತು, 'ಸಿರಿವಂತರ ಮಗ' ಅನ್ನೋ ಹಣೆಪಟ್ಟಿ ಹುಡುಗನಿಗೆ ಉಳೀತು. ಓದಬೇಕಾಗಿದ್ದ ಕೋರ್ಸಿಗೆ ಸೀಟು ಕೊಡ್ಲಿಲ್ಲ. ಸಿಕ್ಕಿದ್ದು ಟೆಕ್ನಿಕಲ್ ಯೂನಿವರ್ಸಿಟಿಯ ಅರ್ಥಶಾಸ್ತ್ರ ವಿಭಾಗ, ಎರಡು ವರ್ಷಕ್ಕೆ ಬಿಟ್ಟರು. ರಂಗಮಂದಿರದಲ್ಲಿ ಸೆಟ್ ಎತ್ತಿಡೋ ಕೆಲಸದಿಂದ ಶುರು ಮಾಡಿ ನಾಟಕಕಾರರಾದ್ರು. 1968ರ ನಂತರ ಅವರ ನಾಟಕಗಳಿಗೆ ನಿಷೇಧ, 1974ರಲ್ಲಿ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸೋ ಕೆಲಸ.

1978ರಲ್ಲಿ ಹಾವೆಲ್ ಒಂದು ದೊಡ್ಡ ಪ್ರಬಂಧ ಬರೆದ್ರು, ಶಕ್ತಿ ಇಲ್ಲದವರ ಶಕ್ತಿಯ ಬಗ್ಗೆ. ಅದರಲ್ಲಿ ಒಬ್ಬ ತರಕಾರಿ ಅಂಗಡಿಯವನು ಬರ್ತಾನೆ. ಈರುಳ್ಳಿ, ಕ್ಯಾರೆಟ್ ನಡುವೆ 'ವಿಶ್ವದ ಕಾರ್ಮಿಕರೇ ಒಂದಾಗಿ' ಅನ್ನೋ ಬೋರ್ಡ್ ಇಟ್ಟಿರ್ತಾನೆ. ಅವನಿಗೆ ವಿಶ್ವದ ಕಾರ್ಮಿಕರ ಚಿಂತೆ ಇದ್ಯಾ? ಇಲ್ಲ. ಮೇಲಿನಿಂದ ತರಕಾರಿ ಜೊತೆಗೇ ಬೋರ್ಡೂ ಬಂತು, ಇಟ್ಟ. ಅದರ ನಿಜವಾದ ಅರ್ಥ 'ನಾನು ಹೇಳಿದ ಮಾತು ಕೇಳೋನು, ನನ್ನ ಪಾಡಿಗೆ ಬಿಡಿ' ಅಂತ. ಹಾಗಂತ ನೇರವಾಗಿ ಬರೆದಿಡು ಅಂದಿದ್ರೆ ಅವನಿಗೆ ನಾಚಿಕೆ ಆಗ್ತಿತ್ತು, ಸ್ಲೋಗನ್ ಆ ನಾಚಿಕೆಯನ್ನ ಮುಚ್ಚುತ್ತೆ. ಒಂದು ದಿನ ಅವನು ಬೋರ್ಡ್ ಇಡಲ್ಲ. ಕೆಲಸದಿಂದ ಇಳಿಸ್ತಾರೆ, ಸಂಬಳ ಕಡಿತ, ಮಕ್ಕಳ ಓದಿಗೆ ಕಲ್ಲು. ಒಂದು ಬೋರ್ಡಿಗೆ ಯಾಕಿಷ್ಟು? ಎಲ್ಲರೂ ಇಡ್ತಾರೆ ಅನ್ನೋದರ ಮೇಲೇ ಇಡೀ ವ್ಯವಸ್ಥೆ ನಿಂತಿದೆ, ಒಬ್ಬ ಇಡದಿದ್ರೆ ಅದು ಸುಳ್ಳು ಅಂತ ಬಯಲಾಗುತ್ತೆ.

ಮನಸ್ಸಿಲ್ಲದೆ ಫಾರ್ವರ್ಡ್ ಮಾಡಿದ ಮೆಸೇಜು, ಎಲ್ಲರೂ ಹಾಕಿದ್ರು ಅಂತ ಹಾಕಿದ ಸ್ಟೇಟಸ್ಸು ನನಗೆ ಇದನ್ನ ಓದುವಾಗ ನೆನಪಾದವು. ನಮ್ಮ ಬೆಲೆ ಅಷ್ಟು ದುಬಾರಿ ಅಲ್ಲ, ಅದನ್ನೂ ಒಪ್ಕೋತೀನಿ. ಆ ಪ್ರಬಂಧವನ್ನ ಹಾವೆಲ್ ಅರ್ಪಿಸಿದ್ದು ತತ್ವಜ್ಞಾನಿ ಯಾನ್ ಪಾತೊಚ್ಕಾ ನೆನಪಿಗೆ. ಇಬ್ಬರೂ ಮಾನವ ಹಕ್ಕುಗಳಿಗಾಗಿ ಹುಟ್ಟಿದ 'ಚಾರ್ಟರ್ 77'ರ ವಕ್ತಾರರು, ಪಾತೊಚ್ಕಾ ಪೊಲೀಸ್ ವಿಚಾರಣೆಗಳ ಬೆನ್ನಲ್ಲೇ 1977ರ ಮಾರ್ಚ್‌ನಲ್ಲಿ ತೀರ್ಕೊಂಡಿದ್ರು. ಹಾವೆಲ್ 1979ರಿಂದ 83ರವರೆಗೆ ಜೈಲಲ್ಲಿದ್ರು.

1989ರ ನವೆಂಬರ್‌ಗೆ ಬನ್ನಿ. 17ನೇ ತಾರೀಕು ವಿದ್ಯಾರ್ಥಿಗಳ ಮೆರವಣಿಗೆ ಮೇಲೆ ಪೊಲೀಸರು ಲಾಠಿ ಬೀಸಿದ್ರು. ಕೆಲವೇ ದಿನದಲ್ಲಿ ವಾತ್ಸ್‌ಲಾಫ್ ಚೌಕದಲ್ಲಿ ಲಕ್ಷಗಟ್ಟಲೆ ಜನ. ಮೆಲಾಂತ್ರಿಖ್ ಕಟ್ಟಡದ ಬಾಲ್ಕನಿಯಿಂದ ಹಾವೆಲ್ ಮಾತಾಡಿದ್ರು. ಕೆಳಗೆ ಜನ ಜೇಬಿನಿಂದ ಮನೆ ಕೀ ತೆಗೆದು ಮೇಲೆತ್ತಿ ಅಲ್ಲಾಡಿಸಿದ್ರು, ಹೊರಡೋ ಹೊತ್ತಾಯ್ತು ಅಂತ ಸರ್ಕಾರಕ್ಕೆ ಹೇಳೋಕೆ. ಆ ವಿಡಿಯೋ ಸಿಕ್ರೆ ಸೌಂಡ್ ಹಾಕಿ ನೋಡಿ. ಡಿಸೆಂಬರ್ 29ಕ್ಕೆ ಹಾವೆಲ್ ಅಧ್ಯಕ್ಷ. ಅದೇ ವರ್ಷದ ಮೇ ತಿಂಗಳಲ್ಲಷ್ಟೇ ಜೈಲಿಂದ ಹೊರಬಂದಿದ್ರು.

ಕತೆ ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ, ಸಿನಿಮಾದವರು ನಿಲ್ಲಿಸ್ತಾರೆ. ಆದ್ರೆ ಇನ್ನೊಬ್ಬ ವಾತ್ಸ್‌ಲಾಫ್ ಇದ್ದಾರೆ: ಅರ್ಥಶಾಸ್ತ್ರಜ್ಞ ವಾತ್ಸ್‌ಲಾಫ್ ಕ್ಲೌಸ್. ಕ್ರಾಂತಿ ಆದ್ಮೇಲೆ ಹಣಕಾಸು ಮಂತ್ರಿ, ಆಮೇಲೆ ಪ್ರಧಾನಿ. ಸರ್ಕಾರಿ ಕಾರ್ಖಾನೆಗಳನ್ನ ಖಾಸಗಿ ಮಾಡ್ಬೇಕು, ಜನರ ಹತ್ರ ದುಡ್ಡಿಲ್ಲ. ಅವರ ಉಪಾಯ ಕೂಪನ್. ವಯಸ್ಕರು ಹೆಚ್ಚುಕಮ್ಮಿ ಒಂದು ವಾರದ ಸಂಬಳ, 1000 ಕೊರುನಾ ಕೊಟ್ಟು ಕೂಪನ್ ಪುಸ್ತಕ ತಗೊಂಡ್ರೆ 1000 ಪಾಯಿಂಟ್, ಅದರಲ್ಲಿ ಕಂಪನಿಗಳ ಷೇರು. ಲಕ್ಷಾಂತರ ಮಂದಿ ಒಂದೇ ಸಲ ಷೇರುದಾರರಾದ್ರು. ಆದ್ರೆ ಷೇರು ಅಂದ್ರೇನು ಅಂತ ಗೊತ್ತಿಲ್ಲದ ಜನ ತಮ್ಮ ಪಾಯಿಂಟುಗಳನ್ನ ಫಂಡುಗಳಿಗೆ ಕೊಟ್ಟುಬಿಟ್ರು. ಒಂದು ಫಂಡ್ ಅಂತೂ ಹತ್ತು ಪಟ್ಟು ವಾಪಸ್ ಕೊಡ್ತೀವಿ ಅಂತ ಜಾಹೀರಾತು ಕೊಟ್ಟಿತ್ತು. ಒಳಗಿನವರೇ ಕಂಪನಿಯ ಆಸ್ತಿಯನ್ನ ಸದ್ದಿಲ್ಲದೆ ಹೊರಗೆ ಸಾಗಿಸೋದಕ್ಕೆ ಫೈನಾನ್ಸ್ ಪುಸ್ತಕಗಳಲ್ಲಿ 'ಟನೆಲಿಂಗ್' ಅಂತಾರಲ್ಲ, ಆ ಪದ ಹುಟ್ಟಿದ್ದೇ ಆ ಕಾಲದ ಜೆಕ್ ದೇಶದಲ್ಲಿ.

ಬೇಗ ಮಾರುಕಟ್ಟೆ ಬರಲಿ ಅನ್ನೋದು ಕ್ಲೌಸ್ ವಾದ. ಕಾನೂನು, ನೈತಿಕತೆ, ನಾಗರಿಕ ಸಂಘಟನೆ ಇಲ್ಲದೆ ಮಾರುಕಟ್ಟೆ ಕೆಡುತ್ತೆ ಅನ್ನೋದು ಹಾವೆಲ್ ವಾದ. 1997ರಲ್ಲಿ ಕ್ಲೌಸ್ ಸರ್ಕಾರ ಬಿದ್ದ ಕೆಲವೇ ದಿನಕ್ಕೆ ಸಂಸದರ ಮುಂದೆ ಹಾವೆಲ್ ಇದನ್ನ ಖಡಕ್ಕಾಗಿ ಹೇಳಿದ್ರು. ನನ್ನನ್ನ ಕೇಳಿದ್ರೆ ಹಾವೆಲ್ ಕಡೆ, ಆದ್ರೆ ಕಾರ್ಖಾನೆ ನಡೆಸೋಕೆ ದಾರಿ ತೋರಿಸ್ಬೇಕಾಗಿದ್ದವರು ಕ್ಲೌಸ್ ಅನ್ನೋದನ್ನ ಮರೀಬಾರ್ದು. 2003ರಲ್ಲಿ ಹಾವೆಲ್ ಇಳಿದ ಕುರ್ಚಿಗೆ ಬಂದವರೂ ಕ್ಲೌಸೇ, ಹತ್ತು ವರ್ಷ ಇದ್ರು. 2011ರಲ್ಲಿ ಚಿಲಿ ದೇಶದ ಸಮಾರಂಭದಲ್ಲಿ ಪೆನ್ನೊಂದನ್ನ ಮೆಲ್ಲಗೆ ಜೇಬಿಗಿಳಿಸಿದ ಅಧ್ಯಕ್ಷರ ವೈರಲ್ ವಿಡಿಯೋ ನೋಡಿದ್ರೆ, ಅದು ಇವರೇ. ನಮ್ಮ ದೇಶ ಹಾವೆಲ್‌ಗೆ 2003ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. ಅವರು ತೀರ್ಕೊಂಡಿದ್ದು 2011ರ ಡಿಸೆಂಬರ್ 18ಕ್ಕೆ. ಈಗ ಪ್ರಾಗ್‌ಗೆ ಹಾರಿದ್ರೆ ಇಳಿಯೋದು ಅವರ ಹೆಸರಿನ ಏರ್‌ಪೋರ್ಟಲ್ಲಿ.

ಅಲ್ಲಿ ಪ್ರತಿ ಹೆಸರಿಗೂ ಕ್ಯಾಲೆಂಡರಲ್ಲಿ ಒಂದು ದಿನ ಇದೆ, ಬರ್ತ್‌ಡೇ ಥರ ವಿಶ್ ಮಾಡ್ತಾರೆ. ವಾತ್ಸ್‌ಲಾಫ್‌ಗಳ ದಿನ ಸೆಪ್ಟೆಂಬರ್ 28, ಕೊಲೆಯಾದ ಅದೇ ದಿನ. 2000ದಿಂದ ಅದು ದೇಶಕ್ಕೇ ರಜೆ.

ಹೋದ್ರೆ ಲುತ್ಸೆರ್ನಾ ಕಟ್ಟಡದ ಒಳಗೆ ತಲೆ ಎತ್ತಿ ನೋಡಿ, ಹಾವೆಲ್ ತಾತ ಕಟ್ಟಿಸಿದ್ದು. ಚಾವಣಿಯಿಂದ ಒಂದು ಸತ್ತ ಕುದುರೆ ತಲೆಕೆಳಗಾಗಿ ನೇತಾಡ್ತಿದೆ, ಅದರ ಹೊಟ್ಟೆ ಮೇಲೆ ಸಂತ ವಾತ್ಸ್‌ಲಾಫ್ ಗಂಭೀರವಾಗಿ ಕೂತಿದ್ದಾನೆ. ಕಲಾವಿದ ದಾವಿದ್ ಚೆರ್ನಿ 1999ರಲ್ಲಿ ಮಾಡಿದ್ದು. ಅದು ಕ್ಲೌಸ್‌ಗೆ ಹೊಡೆದ ಟಾಂಗ್ ಅಂತ ಕೆಲವರು ಹೇಳ್ತಾರೆ. ಫೋಟೋ ತೆಗೆದ್ರೆ ನನಗೂ ಕಳಿಸಿ. ಮುಂದಿನ ವಾರ ಸಿಗೋಣ.